ಚಿಗುರು ನಂಬಿ ಕೆಟ್ಟೆ: ಬಿರುಬೇಸಿಗೆಯಲ್ಲಿ ಕಡ್ಡಿ ನೆಟ್ಟ ಕಥೆ

2024ರ ಶಿವರಾತ್ರಿಗೆ ಊರಿಗೆ ಹೋಗಿದ್ದೆ. ನಮ್ಮೂರು ಸಾಗರದ ಹತ್ತಿರ. ಬೆಂಗಳೂರಿಗೆ ಹೊರಡುವಾಗ ಬ್ಯಾಗಿನಲ್ಲಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಅದರ ಪಕ್ಕದಲ್ಲಿ ಬಾಳೆಪಟ್ಟೆಯಲ್ಲಿ ಸುತ್ತಿದ 26 ಕಡ್ಡಿ. ದಾಸವಾಳದ್ದೇ 12. ಉಳಿದದ್ದು ಮಲ್ಲಿಗೆ, ನಂದಿಬಟ್ಟಲು, ಕಾಗದದ ಹೂ.

"ಬೇಸಿಗೇಲಿ ಯಾರಾದ್ರೂ ಕಡ್ಡಿ ನೆಡ್ತಾರನೇ? ಮಳೆ ಬರ್ಲಿ ತಡಿ" ಅಂದಳು ಅಮ್ಮ. ನಾನು ಕೇಳಲಿಲ್ಲ. ಮುಂದಿನ ಸಲ ಊರಿಗೆ ಬರುವುದು ಯಾವಾಗಲೋ ಏನೋ. ಕಡ್ಡಿ ಸಿಕ್ಕಾಗಲೇ ತರಬೇಕು, ಅಲ್ವಾ?

ಅಮ್ಮನ ಮಾತಿನಲ್ಲಿ ಹುರುಳಿತ್ತು. ನಮ್ಮ ಕಡೆ ಮೃಗಶಿರಾ ಮಳೆ ಹಿಡಿದ ಮೇಲೆ ಬೇಲಿಯಲ್ಲಿ ಏನು ಚುಚ್ಚಿದರೂ ಬದುಕುತ್ತದೆ. ದಾಸವಾಳದ ಹೆರೆ ಕಡಿದು ಅಗಳದ ಪಕ್ಕ ಬಿಸಾಡಿದರೆ ಅದೂ ಚಿಗುರುತ್ತದೆ. ಅಲ್ಲಿ ಕಡ್ಡಿ ನೆಡುವುದು ಒಂದು ವಿದ್ಯೆ ಅಂತ ಯಾರಿಗೂ ಅನಿಸಿಯೇ ಇಲ್ಲ. ನನಗೂ ಅನಿಸಿರಲಿಲ್ಲ.

ಬೆಂಗಳೂರಿನಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಮೇಲೆ ತಾರಸಿ. ಓನರ್ ಆಂಟಿಗೂ ಗಿಡ ಇಷ್ಟ, ಹಾಗಾಗಿ ಜಾಗಕ್ಕೆ ತೊಂದರೆಯಿಲ್ಲ. ತೊಂದರೆ ಆಗಿದ್ದು ನೀರಿಗೆ. ಆ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿ, ಬೀದಿ ಬೀದಿಯಲ್ಲಿ ಟ್ಯಾಂಕರ್ ಕಾಯುವ ಸ್ಥಿತಿ. ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಕಾರು ತೊಳೆಯಬಾರದು, ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿದ್ದೂ ಅದೇ ಮಾರ್ಚ್‌ನಲ್ಲಿ. ನಾನು ಬಸ್ಸಿಳಿದದ್ದು ಸರಿಯಾಗಿ ಆ ಹೊತ್ತಿಗೆ, ಕೈಯಲ್ಲಿ 26 ಕಡ್ಡಿ ಹಿಡಿದುಕೊಂಡು.

ಮೊದಲ ಸಲ ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಕೆಂಪು ಮಣ್ಣಿಗೆ ಧಾರಾಳವಾಗಿ ಹಟ್ಟಿಗೊಬ್ಬರ ಬೆರೆಸಿದೆ. ಕಡ್ಡಿಗೆ ಊಟ ಬೇಕಲ್ಲ ಎಂಬ ಪ್ರೀತಿ! ಕುಂಡಗಳನ್ನು ತಾರಸಿಯಲ್ಲಿ ಬಿಸಿಲಿಗೇ ಇಟ್ಟೆ. ತರಕಾರಿ ತೊಳೆದ ನೀರನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಕಿದೆ. ಹನ್ನೆರಡನೇ ದಿನ ದಾಸವಾಳದ ಗೆಣ್ಣುಗಳಲ್ಲಿ ಪುಟ್ಟ ಪುಟ್ಟ ಹಸಿರು ಚಿಗುರು. ಕಾಗದದ ಹೂವಿನ ಕಡ್ಡಿಯಲ್ಲಂತೂ ಸಾಲು ಸಾಲು ಎಲೆ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ನೋಡಿದ್ಯಾ?" ಎಂದು ಕೇಳಿದ್ದೂ ಆಯಿತು.

ಮೂರನೇ ವಾರ ಮುಗಿಯುವಷ್ಟರಲ್ಲಿ ಎಲ್ಲ ಚಿಗುರೂ ಸುಟ್ಟ ಕಾಗದದ ಹಾಗೆ ಮುದುಡಿತು. ಒಂದೊಂದೇ ಕಿತ್ತು ನೋಡಿದೆ. ಬುಡ ಕಪ್ಪಾಗಿ ಮೆತ್ತಗಾಗಿತ್ತು. ಬೇರಿನ ಸುಳಿವೇ ಇಲ್ಲ. 26ರಲ್ಲಿ ಒಂದೂ ಉಳಿಯಲಿಲ್ಲ.

"ಕಡ್ಡಿ ಒಳಗೇ ಒಂಚೂರು ಶಕ್ತಿ ಇರ್ತದೆ. ಅದ್ರಲ್ಲೇ ಚಿಗುರಿದ್ದು. ಅದು ಮುಗೀತು, ಸತ್ತೋತು. ಚಿಗುರು ಬಂತು ಅಂದ್ರೆ ಬೇರು ಬಂತು ಅಂತ ಅಲ್ವೇ ಮಾರಾಯ್ತಿ" ಅಂದಳು ಅಮ್ಮ.

ಫೋನಿಟ್ಟ ಮೇಲೆ ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಕತ್ತರಿಸಿದ ಕಡ್ಡಿಗೆ ಬಾಯಿಲ್ಲ, ಅಂದರೆ ಬೇರಿಲ್ಲ. ಆದರೆ ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ. ಬಿಸಿಲು, ಒಣಗಾಳಿ ಜಾಸ್ತಿಯಾದಷ್ಟೂ ಬೇಗ ಹೋಗುತ್ತದೆ. ನಾನು ಬುಡಕ್ಕೆ ಎಷ್ಟು ನೀರು ಸುರಿದರೂ ಅದು ಮೇಲೆ ಏರುವುದು ಅಷ್ಟಕ್ಕಷ್ಟೇ. ಹೆಚ್ಚಾದ ನೀರು ಬುಡವನ್ನು ಕೊಳೆಸಿತು. ಮೇಲೆ ಒಣಗಿ, ಕೆಳಗೆ ಕೊಳೆತು ಸತ್ತವು ಪಾಪ. ಗೊಬ್ಬರ ಆ ಕೊಳೆಯುವುದಕ್ಕೇ ಸಹಾಯ ಮಾಡಿತು.

ಹಾಗೆ ನೋಡಿದರೆ ಬೇರು ಬರುವುದಕ್ಕೆ ಬೆಚ್ಚಗಿರುವುದು ಒಳ್ಳೆಯದೇ. ಚಳಿಗಾಲದಲ್ಲಿ ಕಡ್ಡಿಗಳು ಸುಮ್ನೆ ಕೂತಿರುತ್ತವೆ, ನಿಮಗೂ ಗೊತ್ತಿರಬಹುದು. ಬೇಸಿಗೆಯಲ್ಲಿ ಬೆಚ್ಚಗೆ ಇದ್ದೇ ಇದೆ, ಇಲ್ಲದ್ದು ಮಳೆಗಾಲದ ತೇವದ ಗಾಳಿ. ಅದನ್ನು ನಾವೇ ಮಾಡಿಕೊಡಬೇಕು. ಎರಡನೇ ಸಲ ನಾನು ಮಾಡಿದ್ದು ಇಷ್ಟೇ.

ಮತ್ತೆ ಕಡ್ಡಿ ಎಲ್ಲಿಂದ ತರುವುದು? ನಮ್ಮ ಕ್ರಾಸಿನ ಕೊನೆಯ ಮನೆಯವರ ದಾಸವಾಳ ಕಾಂಪೌಂಡ್ ದಾಟಿ ರಸ್ತೆಗೆ ಬಾಗಿತ್ತು. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಅಂತಾರೆ, ಕೇಳಿ ತಂದದ್ದು ಬರಲ್ಲ ಅಂತ. ನಾನು ಕೇಳಿಯೇ ತಂದೆ. ಅಜ್ಜಿಯೊಬ್ಬರು "ಅಯ್ಯೋ, ತಗೊಂಡೋಗಮ್ಮ, ಕಸ ಗುಡಿಸಿ ಸಾಕಾಗಿದೆ" ಎಂದು ನಂದಿಬಟ್ಟಲು, ಕಾಗದದ ಹೂವನ್ನೂ ಕೊಯ್ದುಕೊಟ್ಟರು.

ಬೆಳಿಗ್ಗೆ ಆರೂವರೆಗೆ ಕೊಯ್ದೆ. ರಾತ್ರಿಯೆಲ್ಲ ನೀರು ಕುಡಿದು ಕಡ್ಡಿ ತುಂಬಿಕೊಂಡಿರುವ ಹೊತ್ತು ಅದು. ಮಧ್ಯಾಹ್ನ ಕೊಯ್ದರೆ ಬಾಡಿದ ಕಡ್ಡಿಯನ್ನೇ ನೆಟ್ಟಂತೆ. ಪೆನ್ಸಿಲ್ ದಪ್ಪ, ಆರರಿಂದ ಎಂಟು ಇಂಚು ಉದ್ದ. ತುದಿಯ ಎಳೆ ಹಸಿರು ಬೇಡ, ಬೇಗ ಬಾಡುತ್ತದೆ. ಬುಡದ ಬೂದು ಬಣ್ಣದ ಹಳೇ ಕಟ್ಟಿಗೆಯೂ ಬೇಡ, ನಿಧಾನ. ಎರಡರ ನಡುವಿನದ್ದು ಬೇಕು. ಕೆಳಗಿನ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ಮೇಲಿನದ್ದನ್ನು ನೇರವಾಗಿ ಕತ್ತರಿಸಿದೆ. ಬೇರು ಜಾಸ್ತಿ ಬರುವುದು ಗೆಣ್ಣಿನ ಹತ್ತಿರವೇ. ಓರೆಗೆ ಇನ್ನೊಂದು ಉಪಯೋಗವಿದೆ. ಯಾವ ತುದಿ ಕೆಳಗೆ ಎಂದು ಗೊತ್ತಾಗುತ್ತದೆ. ನಗಬೇಡಿ, ಎಲೆ ಉದುರಿದ ಕಡ್ಡಿಗಳನ್ನು ಮೇಲೆ ಕೆಳಗೆ ಮಾಡಿ ನೆಟ್ಟವರನ್ನು ನೋಡಿದ್ದೇನೆ. ತಲೆಕೆಳಗಾದರೆ ಬರುವುದಿಲ್ಲ.

ಮೇಲೆ ಎರಡು ಎಲೆ ಬಿಟ್ಟು ಉಳಿದದ್ದೆಲ್ಲ ಚಿವುಟಿದೆ. ಉಳಿಸಿದ ಎರಡನ್ನೂ ಕತ್ತರಿಯಲ್ಲಿ ಅರ್ಧ ಮಾಡಿದೆ. ನೋಡಲು ಚೆಂದವಿಲ್ಲ. ಆದರೆ ನೀರು ಹೋಗುವ ಬಾಗಿಲು ಅರ್ಧ ಮುಚ್ಚಿದ ಹಾಗೆ ಆಗುತ್ತದೆ. ಮೊಗ್ಗಿದ್ದರೆ ಕರುಣೆ ತೋರಿಸದೆ ತೆಗೆಯಬೇಕು.

ಈ ಸಲ ಮಣ್ಣೇ ಹಾಕಲಿಲ್ಲ. ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಮರಳು. ನದಿ ಮರಳು ಈಗ ಯಾರಿಗೆ ಸಿಗುತ್ತದೆ? ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು, ಮೇಸ್ತ್ರಿಯನ್ನು ಕೇಳಿ ಒಂದು ಬಕೆಟ್ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು, ತಂದೆ. ಅದರಲ್ಲಿ ಕಲ್ಲಿನ ಹಿಟ್ಟು ತುಂಬಾ ಇರುತ್ತದೆ. ತೊಳೆಯದೆ ಹಾಕಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಮೂರು ಸಲ ತೊಳೆದೆ. ಕೊಕೊಪೀಟ್ ಇಟ್ಟಿಗೆಯನ್ನೂ ನೆನೆಸಿ, ಆ ಕಂದು ನೀರು ಚೆಲ್ಲಿ ಹಿಂಡಿದೆ, ಉಪ್ಪಿನಂಶ ಇರುತ್ತದೆ ಅಂತ. ಎರಡನ್ನೂ ಬೆರೆಸಿ ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೇವ ಅಷ್ಟೇ ಸಾಕು.

ಕುಂಡದ ಬದಲು ಜ್ಯೂಸ್ ಅಂಗಡಿಯ ಪಾರದರ್ಶಕ ಪ್ಲಾಸ್ಟಿಕ್ ಲೋಟಗಳನ್ನು ಬಳಸಿದೆ. ತಳಕ್ಕೆ ನಾಲ್ಕು ತೂತು. ಈ ಲೋಟ ನನಗೆ ಸಿಕ್ಕ ದೊಡ್ಡ ಉಪಾಯ. ಬೇರು ಬಂದಿದೆಯಾ ಎಂದು ಕಿತ್ತು ನೋಡುವ ಚಪಲ ನನಗೆ ಚಿಕ್ಕಂದಿನಿಂದ ಇದೆ. ಲೋಟವಾದರೆ ಹೊರಗಿನಿಂದಲೇ ಕಾಣುತ್ತದೆ. ಬೇರಿಗೆ ಕತ್ತಲು ಬೇಕು, ಅದಕ್ಕೆ ಸುತ್ತ ನ್ಯೂಸ್‌ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ವಾರಕ್ಕೊಮ್ಮೆ ಪೇಪರ್ ಬಿಚ್ಚಿ ನೋಡುವುದು. ಮೊದಲು ಪೆನ್ಸಿಲಿನಿಂದ ತೂತು ಮಾಡಿ ಆಮೇಲೆ ಕಡ್ಡಿ ಇಳಿಸಿದೆ. ನೇರವಾಗಿ ಚುಚ್ಚಿದರೆ ಬುಡದ ಸಿಪ್ಪೆ ಕಿತ್ತುಬರುತ್ತದೆ. ಎರಡು ಗೆಣ್ಣು ಒಳಗೆ, ಉಳಿದದ್ದು ಹೊರಗೆ.

ಮೇಲೆ ಮುಚ್ಚಲು ಎರಡು ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ ಬೋರಲು ಹಾಕಿದೆ. ಒಳಗೆ ಹಬೆ ಕಟ್ಟಿ ಗೋಡೆಯ ಮೇಲೆ ಹನಿ ಕೂರುತ್ತದೆ. ಅದೇ ನಮ್ಮ ಮಲೆನಾಡು! ದಿನಕ್ಕೊಮ್ಮೆ ಅರ್ಧ ಗಂಟೆ ಮುಚ್ಚಳ ತೆಗೆದು ಗಾಳಿ ಆಡಿಸಿದೆ, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ನೀರು ನಾಲ್ಕು ದಿನಕ್ಕೊಮ್ಮೆ, ಅದೂ ನಾಲ್ಕೈದು ಚಮಚ. ಮೊದಲ ಸಲ ದಿನಕ್ಕೆ ಎರಡು ಹೊತ್ತು ಸುರಿದಿದ್ದೆನಲ್ಲ, ನಾಚಿಕೆಯಾಯಿತು.

ಒಂದು ಎಚ್ಚರ. ಬಾಟಲಿ ಮುಚ್ಚಿದ ಲೋಟಕ್ಕೆ ನೇರ ಬಿಸಿಲು ತಾಗಬಾರದು. ನಾಲ್ಕು ಗುಲಾಬಿ ಕಡ್ಡಿಗಳನ್ನು ಮರೆತು ಒಂದು ಮಧ್ಯಾಹ್ನ ತಾರಸಿಯಲ್ಲೇ ಬಿಟ್ಟಿದ್ದೆ. ಸಂಜೆ ನೋಡಿದರೆ ಇಡ್ಲಿ ಬೆಂದ ಹಾಗೆ ಬೆಂದಿದ್ದವು. ಉಳಿದವನ್ನು ನೀರಿನ ಟ್ಯಾಂಕಿನ ಸ್ಟ್ಯಾಂಡಿನ ಕೆಳಗೆ ಸೇರಿಸಿದೆ. ಅಲ್ಲಿ ಬೆಳಕಿದೆ, ಬಿಸಿಲಿಲ್ಲ. ಪೇಪರ್ ಓದಲು ಆಗುವಷ್ಟು ಬೆಳಕಿದ್ದರೆ ಸಾಕು.

ಬೇರು ಬರಿಸುವ ಪುಡಿ ಹಾಕಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಅರ್ಧಕ್ಕೆ ಪುಡಿ ಹಾಕಿದೆ, ಅರ್ಧಕ್ಕೆ ಲೋಳೆಸರದ ಲೋಳೆ ಹಚ್ಚಿದೆ. ದಾಸವಾಳ, ನಂದಿಬಟ್ಟಲಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನೆರಳು, ತೇವ ಸರಿಯಾಗಿದ್ದರೆ ಅವು ಹೇಗೂ ಬರುತ್ತವೆ. ಅದು ಸರಿಯಿಲ್ಲದಿದ್ದರೆ ಪುಡಿ ಏನು ಮಾಡೀತು?

ಈ ನಡುವೆ ತಾರಸಿಯ ಹಳೇ ಗಿಡಗಳನ್ನು ಉಳಿಸಿಕೊಳ್ಳುವುದೇ ಇನ್ನೊಂದು ಪಾಡು. ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲಿ 38.5 ಡಿಗ್ರಿ. ಕಲಬುರಗಿಯವರು ಕೇಳಿದರೆ ನಕ್ಕಾರು, ನಮಗೆ ಅದೇ ಹೆಚ್ಚು. ತಾರಸಿಯ ಸಿಮೆಂಟ್ ಕಾದು ಕುಂಡದ ತಳದಿಂದಲೇ ಬೇರು ಬೇಯುತ್ತಿತ್ತು. ಎಲ್ಲ ಕುಂಡಗಳನ್ನೂ ಇಟ್ಟಿಗೆಯ ಮೇಲೆ ಎತ್ತಿಟ್ಟು, ಒತ್ತೊತ್ತಾಗಿ ಜೋಡಿಸಿದೆ. ಮೇಲೆ ಹಸಿರು ನೆರಳು ಬಲೆ. ಕುಂಡದ ಮೇಲ್ಮಣ್ಣಿಗೆ ರಸ್ತೆಬದಿಯ ತರಗೆಲೆ, ತೆಂಗಿನಕಾಯಿ ಜುಂಗು. ಈ ಹೊದಿಕೆ ಹಾಕಿದ ಮೇಲೆ ದಿನಾ ಕೇಳುತ್ತಿದ್ದ ಗಿಡ ಎರಡು ದಿನಕ್ಕೊಮ್ಮೆ ನೀರು ಕೇಳತೊಡಗಿತು. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ತೊಳೆದದ್ದು ಎಲ್ಲವೂ ಒಂದು ಬಕೆಟ್‌ಗೆ. ಊರಲ್ಲಿ ಅದು ಅಕ್ಕಚ್ಚು, ಕೊಟ್ಟಿಗೆಗೆ ಹೋಗುತ್ತದೆ. ಇಲ್ಲಿ ಗಿಡಗಳೇ ನನ್ನ ದನಗಳು. ಉಪ್ಪು, ಸೋಪು ಸೇರಿದ್ದನ್ನು ಮಾತ್ರ ಹಾಕಲಿಲ್ಲ. ಕಡ್ಡಿಯ ಲೋಟಗಳಿಗೂ ಅಕ್ಕಿ ನೀರು ಬೇಡ, ನುಸಿ ಏಳುತ್ತದೆ.

ಸಂಜೆ ನಾಲ್ಕಕ್ಕೆ ಪೈಪ್ ಹಿಡಿಯುವವರಿಗೆ ಒಂದು ಮಾತು: ಮೊದಲು ಕೈಯ ಮೇಲೆ ಬಿಟ್ಟುಕೊಳ್ಳಿ. ಬಿಸಿಲಲ್ಲಿ ಬಿದ್ದ ಪೈಪಿನ ನೀರು ಸ್ನಾನದ ನೀರಿನಷ್ಟು ಬಿಸಿ ಇರುತ್ತದೆ. ನನ್ನ ಒಂದು ಟೊಮೆಟೊ ಗಿಡ ಹೋದದ್ದು ಅದರಿಂದಲೇ ಅಂತ ನನ್ನ ಗುಮಾನಿ.

ದಾಸವಾಳಕ್ಕೆ ಬೇಸಿಗೆಯಲ್ಲಿ ಬಿಳಿ ಹಿಟ್ಟು ತಿಗಣೆ ಕಾಟ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಕಲಸಿ ಸಂಜೆ ಸಿಂಪಡಿಸಿದೆ. ಇರುವೆ ಓಡಾಡಿದರೆ ಅಲ್ಲಿ ತಿಗಣೆ ಇದೆ ಅಂತಲೇ ಲೆಕ್ಕ. ಅಂಥ ಗಿಡದಿಂದ ಕಡ್ಡಿ ತೆಗೆಯಬೇಡಿ.

ಸೊಪ್ಪುಗಳ ವಿಷಯದಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ಮಾರ್ಕೆಟ್ಟಿನ ಪುದೀನ ಕಟ್ಟಿನಲ್ಲಿ ದಪ್ಪ ದಂಟು ಆರಿಸಿ ನೀರಿನ ಲೋಟದಲ್ಲಿಟ್ಟರೆ ಒಂದು ವಾರ, ಹತ್ತು ದಿನದಲ್ಲಿ ಬಿಳಿ ಬೇರು. ನೀರು ದಿನ ಬಿಟ್ಟು ದಿನ ಬದಲಿಸಿದರಾಯಿತು. ಬಸಳೆ ದಂಟು ಹುಳಿಗೆ ಹೆಚ್ಚುವಾಗ ಎರಡು ತುಂಡು ಎತ್ತಿಟ್ಟೆ, ಅದೂ ಹಾಗೇ ಬಂತು. ದೊಡ್ಡಪತ್ರೆಯನ್ನು ಮುರಿದು ಚುಚ್ಚಿದರೆ ಮುಗಿಯಿತು, ನೀರು ಜಾಸ್ತಿ ಮಾಡಿದರೆ ಮಾತ್ರ ಕೊಳೆಯುತ್ತದೆ. ಹೊಸದಾಗಿ ಶುರು ಮಾಡುವವರು ಇವುಗಳಿಂದಲೇ ಶುರು ಮಾಡಲಿ, ಧೈರ್ಯ ಬರುತ್ತದೆ. ಕರಿಬೇವಿನ ಕಡ್ಡಿಗೆ ಮಾತ್ರ ನಾನು ಕೈ ಮುಗಿದಿದ್ದೇನೆ. ಮೂರು ಸಲ ನೆಟ್ಟೆ, ಮೂರು ಸಲವೂ ಹೋಯಿತು. ದೊಡ್ಡ ಗಿಡದ ಬೇರಿನಿಂದ ಪಕ್ಕದಲ್ಲೇ ಎದ್ದ ಮರಿಯನ್ನು ಅಗೆದು ತಂದು ನೆಟ್ಟದ್ದು ಉಳಿಯಿತು.

ಮೇ ಮೊದಲ ವಾರ ಮಳೆ ಬಂತು. ಕಡ್ಡಿ ಇಟ್ಟು ಐದು ವಾರ ಆಗಿತ್ತು. ಪೇಪರ್ ಬಿಚ್ಚಿದರೆ ಲೋಟದ ಗೋಡೆಗೆ ಶ್ಯಾವಿಗೆ ಎಳೆಯಂಥ ಬಿಳಿ ಬೇರು. 12 ದಾಸವಾಳದಲ್ಲಿ 8 ಬಂದಿದ್ದವು. ಬಾರದ ನಾಲ್ಕರಲ್ಲಿ ಮೂರು ಹಳದಿ ಹೂವಿನ ಹೈಬ್ರಿಡ್. ಕೆಂಪು ನಾಟಿ ದಾಸವಾಳ ಒಂದೂ ಕೈಕೊಡಲಿಲ್ಲ. ನಂದಿಬಟ್ಟಲು 6ರಲ್ಲಿ 5. ಮಲ್ಲಿಗೆ 6ರಲ್ಲಿ ಒಂದೇ ಒಂದು. ಓನರ್ ಆಂಟಿಯ ಮಲ್ಲಿಗೆ ಬಳ್ಳಿಯ ಒಂದು ಕೊಂಬೆಯನ್ನು ಪಕ್ಕದ ಕುಂಡಕ್ಕೆ ಬಗ್ಗಿಸಿ, ಗೆಣ್ಣಿನ ಹತ್ತಿರ ಸಿಪ್ಪೆ ಸ್ವಲ್ಪ ಹೆರೆದು, ಮಣ್ಣು ಹಾಕಿ ಮೇಲೊಂದು ಕಲ್ಲಿಟ್ಟಿದ್ದೆ. ತಾಯಿಯಿಂದ ನೀರು ಸಿಗುತ್ತಲೇ ಇರುತ್ತದಲ್ಲ, ಎರಡು ತಿಂಗಳಿಗೆ ಅದೇ ಸಲೀಸಾಗಿ ಬೇರು ಬಿಟ್ಟಿತು. ಮಲ್ಲಿಗೆಗೆ ಇನ್ನು ಕಡ್ಡಿಯ ಗೊಡವೆ ಬೇಡ.

ಬೇರು ಕಂಡ ತಕ್ಷಣ ಬಿಸಿಲಿಗೆ ತಳ್ಳಲಿಲ್ಲ. ಬಾಟಲಿಯನ್ನು ದಿನಕ್ಕೆ ಒಂದು ಗಂಟೆ, ಎರಡು ಗಂಟೆ, ಅರ್ಧ ದಿನ ಹೀಗೆ ತೆಗೆಯುತ್ತಾ ಒಂದು ವಾರ ಅಭ್ಯಾಸ ಮಾಡಿಸಿದೆ. ಆಮೇಲೆ ಮಣ್ಣು, ಎರೆಗೊಬ್ಬರದ ಸಣ್ಣ ಕುಂಡ. ಮತ್ತೆ ಹತ್ತು ದಿನ ಬೆಳಗಿನ ಎಳೆಬಿಸಿಲು ಮಾತ್ರ.

ಕಾಗದದ ಹೂವಿನ ಐದು ಕಡ್ಡಿಗಳಲ್ಲಿ ಎರಡು ಸತ್ತವು, ಒಂದು ಬಂತು. ಉಳಿದ ಎರಡು ಜೂನ್ ಕೊನೆಯಾದರೂ ಹಾಗೇ ನಿಂತಿದ್ದವು. ಎಲೆ ಬರುತ್ತದೆ, ಉದುರುತ್ತದೆ, ಮತ್ತೆ ಬರುತ್ತದೆ. ಲೋಟದಲ್ಲಿ ಬೇರು ಕಾಣದು. ಉಗುರಿನಿಂದ ಸ್ವಲ್ಪ ಕೆರೆದರೆ ಸಿಪ್ಪೆಯಡಿ ಹಸಿರು. ಗಣಪತಿ ಹಬ್ಬಕ್ಕೆ ಊರಿಗೆ ಹೊರಟಾಗ ಅಮ್ಮನಿಗೆಂದು ಕ್ರಾಸಿನ ಕೊನೆಯ ಅಜ್ಜಿ ಮನೆಯ ಗುಲಾಬಿ ಬಣ್ಣದ ದಾಸವಾಳದ ಒಂದು ಗಿಡವನ್ನು ಲೋಟದಲ್ಲೇ ಒಯ್ದೆ. ಆ ಬಣ್ಣ ನಮ್ಮ ಬೇಲಿಯಲ್ಲಿಲ್ಲ. ಅಮ್ಮ ಗಿಡ ಕೈಗೆ ತಗೊಂಡವಳೇ ಲೋಟದ ಪೇಪರ್ ಬಿಚ್ಚಿ ಬೇರು ನೋಡಿದಳು.