ದೊಡ್ಡ ಕಂಪನಿಗೂ ಮೂಗುದಾರ: ಸೆಕ್ಯುರಿಟಿ ಪೇಟೆಂಟ್ ಮಾಡಿಸುವವರಿಗೆ

ಕಲಬುರಗಿಯ ಗಂಜ್‌ನಲ್ಲಿ ನಮ್ಮಪ್ಪಂದು ಅಡತಿ ಅಂಗಡಿ. ತೊಗರಿ ಸೀಸನ್‌ನಲ್ಲಿ ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ತೂಕದ ಚೀಟಿ ಬರೆಯುತ್ತಿದ್ದೆ. ಕಾಂಟಾ ತೋರಿಸುವ ಅಂಕಿ ಮೇಲೆ ರೈತರಿಗೆ ಎಷ್ಟು ಅನುಮಾನ ಅನ್ನೋದು ಆಗಲೇ ಗೊತ್ತಾಗಿತ್ತು. ಮುಂದೆ ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಸೆಕ್ಯುರಿಟಿ ಸಾಫ್ಟ್‌ವೇರ್ ಕೆಲಸ ಮಾಡಿ ಊರಿಗೆ ವಾಪಸ್ ಬಂದೆ. ಈಗ ಕಾಂಟಾದ ಮೋಸ ಹಿಡಿಯುವ ವಿಧಾನಕ್ಕೆ ನನ್ನ ಹೆಸರಿನಲ್ಲಿ ಒಂದು ಪೇಟೆಂಟ್ ಇದೆ. ಅದನ್ನು ಹಿಡಿದುಕೊಂಡು ಒಂದು ಭಾರೀ ಟೆಕ್ ಕಂಪನಿಯನ್ನು ಮಾತಿಗೆ ಕೂರಿಸಿದೆ. ಅದು ಹೇಗೆ ಅಂತ ಇಲ್ಲಿನ ಎಂಜಿನಿಯರಿಂಗ್ ಹುಡುಗರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮಾತು: ಅರ್ಜಿ ಹಾಕುವ ತನಕ ಬಾಯಿ ಬಿಡಬೇಡಿ. ಈ ತಪ್ಪನ್ನು ನಾನೇ ಮಾಡಿದ್ದೇನೆ. 2015ರಲ್ಲಿ ಬೆಂಗಳೂರಿನ ಒಂದು ಕಂಪನಿ ಕರೆದ ಸಭೆಯಲ್ಲಿ, ಎಲ್ಲರ ಎದುರು, ನನ್ನ ಮೊದಲ ಐಡಿಯಾವನ್ನು ಸ್ಲೈಡ್ ಹಾಕಿ ವಿವರಿಸಿದೆ. ಎನ್‌ಡಿಎ, ಅಂದರೆ ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿಸಿಕೊಂಡಿರಲಿಲ್ಲ. ಎರಡು ವರ್ಷ ಆದ ಮೇಲೆ ಅದೇ ವಿಧಾನ ಅವರ ಕಿಟ್‌ನಲ್ಲಿ ಕಂಡಿತು. ನಾನು ಏನೂ ಮಾಡುವ ಹಾಗಿರಲಿಲ್ಲ. ಒಮ್ಮೆ ಎಲ್ಲರಿಗೂ ತೋರಿಸಿದ್ದು ಹೊಸದು ಅನ್ನಿಸಿಕೊಳ್ಳುವುದಿಲ್ಲ. ಆ ರಾತ್ರಿ ನಾನು ಅತ್ತಿದ್ದು ನಮ್ಮಮ್ಮನಿಗೆ ಮಾತ್ರ ಗೊತ್ತು.

ದೊಡ್ಡವರಿಗೂ ಹೀಗೇ ಆಗಿದೆ. ಆರ್‌ಎಸ್‌ಎ ಗುಪ್ತಲಿಪಿ ವಿಧಾನ 1977ರ ಆಗಸ್ಟ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಲ್ಲಿ ಬಂತು. ಅದನ್ನು ಕಂಡುಹಿಡಿದವರಿದ್ದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಪೇಟೆಂಟ್ ಅರ್ಜಿ ಹಾಕಿದ್ದು ಡಿಸೆಂಬರ್‌ನಲ್ಲಿ. ಅಮೆರಿಕದಲ್ಲಿ ಬಹಿರಂಗವಾದ ಮೇಲೂ ಅರ್ಜಿ ಹಾಕಲು ಒಂದು ವರ್ಷದ ವಿನಾಯಿತಿ ಇದ್ದದ್ದಕ್ಕೆ ಅಲ್ಲಿ 1983ರಲ್ಲಿ ಪೇಟೆಂಟ್ ಸಿಕ್ಕಿತು. ಹೊರಗಿನ ದೇಶಗಳಲ್ಲಿ ಹಕ್ಕು ಹೋಯಿತು. ನಮ್ಮ ಕಾಯ್ದೆಯಲ್ಲೂ ಅಂಥ ವಿನಾಯಿತಿ ತೀರಾ ಕಡಿಮೆ. ಗಿಟ್‌ಹಬ್‌ಗೆ ಹಾಕಿದ ಕೋಡ್, ಯೂಟ್ಯೂಬ್ ವಿಡಿಯೋ, ಕಾಲೇಜಿನ ಲೈಬ್ರರಿಗೆ ಹೋದ ಪ್ರಾಜೆಕ್ಟ್ ರಿಪೋರ್ಟ್, ಎಲ್ಲವೂ ನಿಮಗೇ ಅಡ್ಡ ಬರುತ್ತವೆ.

ಎರಡನೇ ಐಡಿಯಾ ಬಂದಾಗ ಎಚ್ಚರವಾಗಿದ್ದೆ. ಚೀಲ ಇಟ್ಟ ಕೂಡಲೇ ಕಾಂಟಾ ಸ್ವಲ್ಪ ನಡುಗಿ ಆಮೇಲೆ ನಿಲ್ಲುತ್ತದೆ, ನೋಡಿದ್ದೀರಲ್ವಾ? ಆ ನಡುಕ ಒಂದೊಂದು ಯಂತ್ರದಲ್ಲಿ ಒಂದೊಂದು ಥರ. ಒಳಗಿನ ಚಿಪ್ ಆ ನಡುಕದ ಗುರುತು ಮತ್ತು ತೂಕದ ಅಂಕಿ ಎರಡನ್ನೂ ಸೇರಿಸಿ ಡಿಜಿಟಲ್ ಸಹಿ ಹಾಕುತ್ತದೆ. ತಂತಿ ಕತ್ತರಿಸಿ ಸುಳ್ಳು ಸಿಗ್ನಲ್ ಕೊಟ್ಟರೆ ಸಿಕ್ಕಿಬೀಳುತ್ತದೆ. ರೈತ ತನ್ನ ಹಳೇ ಫೋನ್‌ನಲ್ಲಿ, ನೆಟ್ ಇಲ್ಲದೆಯೂ, ಚೀಟಿ ಖರೆಯೋ ಖೊಟ್ಟಿಯೋ ನೋಡಬಹುದು. ಇದಿಷ್ಟೇ ನನ್ನ ಆವಿಷ್ಕಾರ.

2018ರಲ್ಲಿ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿದೆ. ಕರ್ನಾಟಕದವರಿಗೆ ಚೆನ್ನೈ ಪೇಟೆಂಟ್ ಕಚೇರಿ. ಹೋಗಬೇಕಾಗಿಲ್ಲ, ಎಲ್ಲ ಆನ್‌ಲೈನ್. ಒಬ್ಬ ವ್ಯಕ್ತಿಗೆ ಫೀ 1,600 ರೂಪಾಯಿ. ದೊಡ್ಡ ಕಂಪನಿಗೆ ಅದೇ ಅರ್ಜಿಗೆ 8,000. ಪೂರ್ತಿ ಅರ್ಜಿ ಹಾಕಲು 12 ತಿಂಗಳು ಸಮಯ ಸಿಗುತ್ತದೆ. ಪ್ರೊವಿಷನಲ್ ಅಂತ ಅರ್ಧ ಪುಟ ಬರೆದು ಕೈ ತೊಳೆದುಕೊಳ್ಳಬೇಡಿ. ಅದರಲ್ಲಿ ಬರೆದದ್ದಕ್ಕೆ ಮಾತ್ರ ಆ ಮೊದಲ ಅರ್ಜಿಯ ತಾರೀಖು ಸಿಗುತ್ತದೆ. ಬರೆಯದೆ ಬಿಟ್ಟದ್ದಕ್ಕೆ ಸಿಗುವುದಿಲ್ಲ. ನಾನು ಸರ್ಕ್ಯೂಟ್ ಚಿತ್ರ, ಲೆಕ್ಕ, ನಡುಕ ಅಳೆದ ಪಟ್ಟಿ ಎಲ್ಲ ಸೇರಿಸಿ 22 ಪುಟ ಹಾಕಿದ್ದೆ. ಪೂರ್ತಿ ಅರ್ಜಿ 30 ಪುಟ ಇಲ್ಲವೇ 10 ಕ್ಲೇಮ್ (ಇಷ್ಟು ನನ್ನ ಹಕ್ಕು ಅಂತ ಹೇಳುವ ಸಾಲುಗಳು) ದಾಟಿದರೆ ಪುಟಕ್ಕೆ, ಕ್ಲೇಮ್‌ಗೆ ಲೆಕ್ಕ ಹಾಕಿ ಹೆಚ್ಚಿಗೆ ಫೀ ಬೀಳುತ್ತದೆ.

ಈಗ ಮುಖ್ಯ ಕೆಲಸ. ಪೇಟೆಂಟ್‌ನ ಬಲ ಎಲ್ಲ ಕ್ಲೇಮ್‌ನಲ್ಲಿ. ಹೊಲಕ್ಕೆ ಬದು ಇದ್ದ ಹಾಗೆ ಅದು. ನಾನು ಮೊದಲು ಬರೆದ ಕ್ಲೇಮ್‌ನಲ್ಲಿ ತೊಗರಿ, ಚೀಲ, ಕಾಂಟಾ ಎಲ್ಲ ಇತ್ತು. ನಮ್ಮ ಪೇಟೆಂಟ್ ಏಜೆಂಟರು ಓದಿ, “ಅಕ್ಕಾರ, ನಾಳೆ ಅವ್ರು ಹತ್ತಿ ತೂಗಿದ್ರ ಏನ್ ಮಾಡ್ತೀರಿ?” ಅಂದರು. ತೊಗರಿ ತೆಗೆದೆವು. “ತೂಕಾನೇ ಮಾಡ್ಲಿಲ್ಲ, ನೀರಿನ ಮೀಟರ್‌ಗೆ ಹಾಕಿದ್ರ?” ಅಂದರು. ಕಾಂಟಾ ಹೋಗಿ ಸೆನ್ಸರ್ ಬಂತು. ಆದರೆ ಬರೀ ಅಗಲ ಮಾಡಿದರೆ, ಎಲ್ಲೋ ಒಂದು ಹಳೇ ಪ್ರಬಂಧ ತೋರಿಸಿ ಕೆಡವುತ್ತಾರೆ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಬರೆಯಬೇಕು. ಮೊದಲು ಸೆನ್ಸರ್, ಅದರ ಕೆಳಗೆ ಒತ್ತಡದ ಸೆನ್ಸರ್, ಅದರ ಕೆಳಗೆ ಲೋಡ್ ಸೆಲ್ (ಕಾಂಟಾದೊಳಗೆ ಭಾರ ಅಳೆಯುವ ಭಾಗ), ಕೊನೆಗೆ ಕಾಂಟಾ. ಮೇಲಿನದು ಬಿದ್ದರೂ ಕೆಳಗಿನದು ಉಳಿಯುತ್ತದೆ.

ನಾನು ಕಲಿತದ್ದರಲ್ಲಿ ಇದು ದೊಡ್ಡದು: ನೀವು ಮಾಡುವುದನ್ನಷ್ಟೇ ಬರೆಯಬೇಡಿ, ಅವರು ನಾಳೆ ಹಾಯಲೇಬೇಕಾದ ದಾರಿಯನ್ನು ಬರೆಯಿರಿ. ಅದನ್ನು ತಿಳಿಯುವುದು ಕಷ್ಟವಲ್ಲ. ಪೇಟೆಂಟ್ ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಿಗೆ ಬಹಿರಂಗವಾಗುತ್ತವೆ. ಗೂಗಲ್ ಪೇಟೆಂಟ್ಸ್‌ನಲ್ಲೂ ನಮ್ಮ ಸರ್ಕಾರದ ಇನ್‌ಪಾಸ್ ತಾಣದಲ್ಲೂ ಪುಕ್ಕಟೆ ಓದಬಹುದು. ದಿನಾ ರಾತ್ರಿ ಒಂದು ತಾಸು ಓದಿದೆ. ಒಂದು ಕಂಪನಿ ಸೆನ್ಸರ್ ಅಂಕಿಗೆ ಸಹಿ ಹಾಕಿ ತನ್ನ ಕ್ಲೌಡ್‌ಗೆ ಕಳಿಸುವ ದಾರಿಯಲ್ಲಿದೆ ಅಂತ ಕಂಡಿತು. ಅವರ ವ್ಯವಸ್ಥೆ ಬಂದರೆ ಪ್ರತಿ ಚೀಟಿಗೂ ನೆಟ್ ಬೇಕು, ಹೊಸ ಫೋನ್ ಬೇಕು, ತಿಂಗಳ ಬಾಡಿಗೆ ಬೇಕು. ನಮ್ಮ ರೈತರಿಗೆ ಅದು ಆಗದ ಮಾತು.

2020ರಲ್ಲಿ ಪರೀಕ್ಷಕರ ಮೊದಲ ವರದಿ ಬಂತು. ಅಂದುಕೊಂಡ ಹಾಗೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಆಕ್ಷೇಪ: ಬರೀ ಕಂಪ್ಯೂಟರ್ ಪ್ರೋಗ್ರಾಂಗೆ, ಅಲ್ಗಾರಿದಂಗೆ ಪೇಟೆಂಟ್ ಇಲ್ಲ. ಹೆದರಬೇಡಿ. 2019ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಫರೀದ್ ಅಲ್ಲಾನಿ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ. ತಾಂತ್ರಿಕ ಪರಿಣಾಮ ಇದ್ದರೆ ಅದು ಕಂಪ್ಯೂಟರ್ ಪ್ರೋಗ್ರಾಂ ಆಧಾರಿತ ಅನ್ನೋ ಕಾರಣಕ್ಕೇ ತಳ್ಳಿಹಾಕುವಂತಿಲ್ಲ. ನಮ್ಮ ಉತ್ತರದಲ್ಲಿ ‘ಸುರಕ್ಷತೆ ಹೆಚ್ಚುತ್ತದೆ’ ಅಂತ ಸುಮ್ನೆ ಬರೆಯಲಿಲ್ಲ. ಸುಳ್ಳು ಸಿಗ್ನಲ್ ಕೊಟ್ಟು ಮಾಡಿದ ಪರೀಕ್ಷೆಯ ಅಂಕಿಗಳನ್ನು ಇಟ್ಟೆವು. ಉತ್ತರಕ್ಕೆ 6 ತಿಂಗಳು ಇರುತ್ತದೆ. 2022ರಲ್ಲಿ ಪೇಟೆಂಟ್ ಕೈಗೆ ಬಂತು.

ಹೊರದೇಶದ ವಿಚಾರ ಚುಟುಕಾಗಿ. ಇಲ್ಲಿ ಹಾಕಿದ 12 ತಿಂಗಳೊಳಗೆ ಅಲ್ಲಿ ಹಾಕಬೇಕು. ಇಲ್ಲಿ ಹಾಕದೆ ನೇರ ಹೊರಗೆ ಹಾಕುವುದಾದರೆ ಸೆಕ್ಷನ್ 39ರ ಅನುಮತಿ ಬೇಕು. ತಪ್ಪಿದರೆ ಜೈಲು ಶಿಕ್ಷೆಯೂ ಇದೆ. ಅಮೆರಿಕದ ಖರ್ಚು ನನ್ನಿಂದ ಆಗಲಿಲ್ಲ, ಬಿಟ್ಟೆ. ಅಲ್ಲಿ ಕೋಟಿಗಟ್ಟಲೆ ಸಿಗುತ್ತದೆ ಅಂತ ಕನಸು ಕಾಣುವವರು ವರ್ನೆಟ್‌ಎಕ್ಸ್ ಕಥೆ ತಿಳಿದಿರಬೇಕು. ಸುರಕ್ಷಿತ ಸಂಪರ್ಕದ ಪೇಟೆಂಟ್‌ಗಳನ್ನು ಹಿಡಿದು ಆಪಲ್ ಮೇಲೆ ಕೇಸು ಹಾಕಿದ ಕಂಪನಿ ಅದು. ಒಂದು ಸುತ್ತಿನಲ್ಲಿ ದುಡ್ಡು ಬಂತು. 2020ರಲ್ಲಿ ಟೆಕ್ಸಾಸ್ ಜ್ಯೂರಿ ಮತ್ತೆ 50.28 ಕೋಟಿ ಡಾಲರ್ ಕೊಡಿ ಅಂದಿತು. ಆದರೆ ಆ ಪೇಟೆಂಟ್‌ನ ಕ್ಲೇಮ್‌ಗಳು ಊರ್ಜಿತವಲ್ಲ ಅಂತ ಪೇಟೆಂಟ್ ಮಂಡಳಿ ಹೇಳಿದ್ದನ್ನು ಮೇಲ್ಮನವಿ ಕೋರ್ಟ್ ಒಪ್ಪಿ, 2023ರಲ್ಲಿ ಆ ತೀರ್ಪನ್ನೇ ರದ್ದು ಮಾಡಿತು.

ನನಗೆ ದಾರಿ ತೋರಿಸಿದ್ದು ಇನ್ನೊಂದು ಘಟನೆ. 2002ರಲ್ಲಿ ಮೈಕ್ರೋಸಾಫ್ಟ್ ಪಲ್ಲೇಡಿಯಂ ಅನ್ನೋ ಸೆಕ್ಯುರಿಟಿ ಯೋಜನೆ ಮುಂದಿಟ್ಟಿತ್ತು. ಅದನ್ನು ಸಾಫ್ಟ್‌ವೇರ್ ಲೈಸೆನ್ಸ್ ಬಿಗಿ ಮಾಡಲು ಬಳಸುವ ವಿಧಾನ ತಮಗೆ ಗೊತ್ತಿಲ್ಲ ಅಂತ ಅವರ ಕಡೆಯವರು ಹೇಳಿದರು. ಲಕ್ಕಿ ಗ್ರೀನ್ ಅನ್ನೋ ಕ್ರಿಪ್ಟೋಗ್ರಫಿ ತಜ್ಞ ಅಂಥ ವಿಧಾನಗಳಿಗೇ ಪೇಟೆಂಟ್ ಅರ್ಜಿ ಹಾಕಿದರು. ಬೇಡದ ಬಳಕೆಯ ಬಾಗಿಲಿಗೆ ತಾವೇ ಬೀಗ ಹಾಕಲು ಹೊರಟಿದ್ದರು. ಪೇಟೆಂಟ್ ಹಿಡಿದು ದುಡ್ಡನ್ನೇ ಕೇಳಬೇಕಾಗಿಲ್ಲ, ಷರತ್ತನ್ನೂ ಕೇಳಬಹುದು ಅಂತ ಆಗ ಹೊಳೆಯಿತು.

ಸೆನ್ಸರ್ ಅಂಕಿಗೆ ಸಹಿ ಹಾಕುವ ದಾರಿಯಲ್ಲಿದ್ದ ಆ ಕಂಪನಿಗೇ ನಾನು ಪತ್ರ ಬರೆದೆ. ಪತ್ರ ಬರೆಯುವಾಗ ಹುಷಾರು. ಸೆಕ್ಷನ್ 106ರ ಪ್ರಕಾರ ಆಧಾರವಿಲ್ಲದೆ ಬೆದರಿಸಿದರೆ ಅವರೇ ನಿಮ್ಮ ಮೇಲೆ ಕೇಸು ಹಾಕಬಹುದು. ಪೇಟೆಂಟ್ ಇದೆ ಅಂತ ತಿಳಿಸುವುದು ಮಾತ್ರ ಬೆದರಿಕೆ ಆಗುವುದಿಲ್ಲ. ನನ್ನ ಪತ್ರ ಒಂದೇ ಪುಟ: ಪೇಟೆಂಟ್ ನಂಬರ್, ಕ್ಲೇಮ್‌ಗಳು, ಲೈಸೆನ್ಸ್ ಬಗ್ಗೆ ಮಾತಾಡಲು ತಯಾರಿದ್ದೇನೆ ಅನ್ನೋ ಸಾಲು. ಒಂದು ಕಡೆ ಕ್ಲೇಮ್‌ನ ಪದ, ಇನ್ನೊಂದು ಕಡೆ ಅವರ ಸರಕಿನ ಭಾಗ ಇಟ್ಟ ಪಟ್ಟಿಯನ್ನು ಮೊದಲೇ ಮಾಡಿಟ್ಟಿದ್ದೆ. ಅವರು ಕೇಳಿದ ದಿನವೇ ಕಳಿಸಿದೆ.

ಕೇಸಿನ ದಾರಿಯೂ ತಿಳಿದಿರಲಿ. ಪೇಟೆಂಟ್ ದಾವೆ ಜಿಲ್ಲಾ ಕೋರ್ಟ್‌ನಲ್ಲೇ ಶುರು ಮಾಡಬಹುದು. ಪೇಟೆಂಟ್ ರದ್ದು ಮಾಡಿ ಅಂತ ಅವರು ಪ್ರತಿದಾವೆ ಹಾಕಿದರೆ ಹೈಕೋರ್ಟ್‌ಗೆ ಹೋಗುತ್ತದೆ. ನಮ್ಮ ಕಲಬುರಗಿಯಲ್ಲೇ 2013ರಿಂದ ಹೈಕೋರ್ಟ್‌ನ ಕಾಯಂ ಪೀಠ ಇದೆ. ಅವರ ಕಿಟ್ ಇಲ್ಲಿನ ಅಂಗಡಿಯಲ್ಲೂ ಮಾರಾಟವಾಗುತ್ತಿತ್ತು. ಇಲ್ಲೇ ಮಾರಿದ್ದಕ್ಕೆ ಸಾಕ್ಷಿ ಅಂತ ಒಂದು ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಎಂಟು ತಿಂಗಳು ಮಾತು ನಡೆಯಿತು. ಅವರು ಮೊದಲು ಪೇಟೆಂಟನ್ನೇ ಕೊಂಡುಕೊಳ್ಳುತ್ತೇವೆ ಅಂದರು. ಮೊತ್ತ ದೊಡ್ಡದೇ ಇತ್ತು. ಅಪ್ಪ ಕೇಳಿ, “ಯವ್ವಾ, ಅದನ್ನ ಮಾರಿದ್ರ ನಾಳೆ ಕಾಂಟಾ ಯಾರ ಕೈಯಾಗ?” ಅಂದರು. ಮಾರಲಿಲ್ಲ. ಅವರಿಗೆ ಬಳಸಲು ಲೈಸೆನ್ಸ್ ಕೊಟ್ಟೆ. ಬದಲಿಗೆ, ಕೃಷಿ ಮಾರುಕಟ್ಟೆಯ ಕಾಂಟಾಗಳಲ್ಲಿ ಚೀಟಿ ಪರೀಕ್ಷೆ ನೆಟ್ ಇಲ್ಲದೆ, ಹಳೇ ಫೋನ್‌ನಲ್ಲೂ, ಬಾಡಿಗೆ ಇಲ್ಲದೆ ನಡೆಯಬೇಕು ಅಂತ ಬರೆಸಿಕೊಂಡೆ.

ಸಿಕ್ಕ ಮೇಲೆ ಮರೆಯಬಾರದ್ದು ಎರಡು. ಮೂರನೇ ವರ್ಷದಿಂದ ನವೀಕರಣ ಫೀ ಕಟ್ಟಬೇಕು. ಒಬ್ಬ ವ್ಯಕ್ತಿಗೆ ಆರನೇ ವರ್ಷದ ತನಕ ವರ್ಷಕ್ಕೆ 800 ರೂಪಾಯಿ, ಆಮೇಲೆ ಏರುತ್ತದೆ. ಪೇಟೆಂಟ್ ಬಳಕೆಯಲ್ಲಿದೆಯಾ ಅಂತ ತಿಳಿಸುವ ಫಾರಂ 27 ಅನ್ನು ಈಗ ಮೂರು ಹಣಕಾಸು ವರ್ಷಕ್ಕೊಮ್ಮೆ ಕೊಡಬೇಕು. ನಾನು ಎರಡರ ತಾರೀಖನ್ನೂ ಅಂಗಡಿಯ ಗೋಡೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ದಿನಾ ಬೆಳಗ್ಗೆ ಅಂಗಡಿ ತೆಗೆಯುವಾಗ ಅಪ್ಪ ಅದನ್ನೊಮ್ಮೆ ನೋಡುತ್ತಾರೆ.