ಬೀಜದ ನಾಯಿ ಮಾಡುವ ಮುಂಚೆ: ಮುಧೋಳ ಗಂಡಿನ ಜೊತೆ ನನ್ನ ಅನುಭವ

ಬೀಜದ ನಾಯಿ ಅಂದರೆ ಮರಿ ಮಾಡಿಸಲು ಹೆಣ್ಣಿಗೆ ಬಿಡುವ ಗಂಡು. ಅಂಥ ಗಂಡನ್ನು ಮೂರು ವರ್ಷ ತುಂಬುವ ತನಕ ಹೊರಗಿನವರ ಹೆಣ್ಣಿಗೆ ಬಿಡುವುದಿಲ್ಲ ಅಂತ ನಾನು ಅಂದಾಗ ನಮ್ಮ ಕಡೆ ನಾಯಿ ಸಾಕುವವರು ಯಾರೂ ಒಪ್ಪಲಿಲ್ಲ. "ಏ ತಮ್ಮಾ, ಇಷ್ಟ ದಿನಾ ಕಟ್ಟಿ ಇಟ್ರ ನಾಯಿ ಹತ್ತೂದ ಮರೀತೈತಿ" ಅಂದರು ನಮ್ಮ ಊರಿನ ಕಾಕಾ ಒಬ್ಬರು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಮುಧೋಳ ನಾಯಿ ಇವೆ. ಅವರ ಮಾತನ್ನು ತಳ್ಳಿ ಹಾಕುವುದು ಸುಲಭ ಇರಲಿಲ್ಲ. ಆದರೂ ನನ್ನ ಹಟ ಬಿಡಲಿಲ್ಲ. ಈಗ ಅದೇ ಕಾಕಾ ತಮ್ಮ ಹೆಣ್ಣು ನಾಯಿಯನ್ನು ನನ್ನ ಗಂಡು ನಾಯಿ ಸರದಾರನ ಹತ್ತಿರ ಕರೆದುಕೊಂಡು ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಸರಳ. ಒಂದು ಹೆಣ್ಣು ವರ್ಷಕ್ಕೆ ಒಮ್ಮೆ ಈಯುತ್ತದೆ. ಅದರಲ್ಲಿ ಏನಾದರೂ ದೋಷ ಇದ್ದರೆ ಆರೇಳು ಮರಿಗೆ ಹೋಗುತ್ತದೆ, ಅಷ್ಟೇ. ಒಂದು ಗಂಡು ವರ್ಷಕ್ಕೆ ಇಪ್ಪತ್ತು ಹೆಣ್ಣಿಗೆ ಹತ್ತಿದರೆ ಅದರ ದೋಷ ನೂರು ನೂರೈವತ್ತು ಮರಿಗಳ ಮೈಯಲ್ಲಿ ಕೂತು ಇಡೀ ತಾಲ್ಲೂಕು ಸುತ್ತುತ್ತದೆ. ಮುಧೋಳ, ಜಮಖಂಡಿ, ಲೋಕಾಪುರ ಸುತ್ತಿನಲ್ಲಿ ಇದು ಆಗಿದೆ. 2016ರಲ್ಲಿ ಸೈನ್ಯದವರು ಮೀರತ್‌ಗೆ ಮರಿ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ನಮ್ಮ ನಾಯಿಯ ಹೆಸರು ಹೇಳಿದರು. ಆಮೇಲೆ ಫೋನ್ ಮೇಲೆ ಫೋನ್. ಏಳೆಂಟು ಸಾವಿರಕ್ಕೆ ಕೇಳುವವರಿಲ್ಲದ ಮರಿ ಹದಿನೈದಕ್ಕೆ, ಹದಿನೆಂಟಕ್ಕೆ ಹೋಯಿತು. ಉದ್ದ ಮೂತಿ, ಸಣ್ಣ ನಡು ಇರುವ ಗಂಡು ಸಿಕ್ಕರೆ ಸಾಕು, ಹತ್ತು ತಿಂಗಳಿಗೇ ಕ್ರಾಸಿಂಗ್ ಶುರು.

ಸರದಾರನಿಗಿಂತ ಮೊದಲು ನನ್ನ ಹತ್ತಿರ ಒಂದು ಗಂಡು ಇತ್ತು. ನೋಡಲು ಭಾರಿ. ಎತ್ತರ ಎಪ್ಪತ್ತೆರಡು ಸೆಂಟಿಮೀಟರ್ ಮೇಲೆಯೇ ಇತ್ತು. ಜಾತ್ರೆಯ ಓಟದಲ್ಲಿ ಒಂದೆರಡು ಬಹುಮಾನವನ್ನೂ ತಂದಿತ್ತು. ಅದರ ಗಂಡು ಮರಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಒಂದೇ ಬೀಜ (ವೃಷಣ) ಚೀಲಕ್ಕೆ ಇಳಿದಿತ್ತು. ತಂದೆಯಾದ ಆ ಗಂಡಿಗೆ ಎರಡೂ ಸರಿಯಾಗಿಯೇ ಇದ್ದವು, ಅಲ್ಲೇ ಇರುವುದು ಸಮಸ್ಯೆ. ಈ ದೋಷ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರುತ್ತದೆ, ಗಂಡಿನ ಮೈಮೇಲೆ ಕಾಣದೆಯೂ ಒಳಗೆ ಇರಬಹುದು. ಎರಡು ತಿಂಗಳ ಹೊತ್ತಿಗೆ ಎರಡೂ ಕೈಗೆ ಸಿಗಬೇಕು. ಆರು ತಿಂಗಳಾದರೂ ಸಿಗದಿದ್ದರೆ ಆಸೆ ಬಿಡಿ. ಒಳಗೇ ಉಳಿದ ಬೀಜಕ್ಕೆ ಮುಂದೆ ಗಡ್ಡೆ ಆಗುವ ಸಾಧ್ಯತೆ ಜಾಸ್ತಿ, ಆಪರೇಷನ್ ಮಾಡಿಸಿ ತೆಗೆಸುವುದೇ ದಾರಿ. ಮರಿ ಒಯ್ದವರಲ್ಲಿ ಇಬ್ಬರಿಗೆ ದುಡ್ಡು ವಾಪಸ್ ಕೊಟ್ಟೆ, ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಆ ಗಂಡನ್ನು ಅಲ್ಲಿಗೇ ನಿಲ್ಲಿಸಿದೆ. ಬೆಂಗಳೂರಿನ ಕಡೆಯವರು ಮೂವತ್ತು ಸಾವಿರಕ್ಕೆ ಕೇಳಿದ್ದರು, ಕೊಡಲಿಲ್ಲ. ಕೊಟ್ಟಿದ್ದರೆ ಅಲ್ಲಿ ಮತ್ತೆ ಅದೇ ಶುರುವಾಗುತ್ತಿತ್ತು, ಅಲ್ವಾ?

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಗಂಡನ್ನು ಹೊರಗೆ ಬಿಡುವ ಮುಂಚೆ ನನ್ನ ಸ್ವಂತ ಹೆಣ್ಣಿಗೆ ಒಮ್ಮೆ ಬಿಡಬೇಕು. ಹುಟ್ಟಿದ ಅಷ್ಟೂ ಮರಿಗಳನ್ನು ಆರೇಳು ತಿಂಗಳ ತನಕ ಮನೆಯಲ್ಲೇ ಸಾಕಬೇಕು. ಬೀಜ, ಹಲ್ಲು, ಪಾದ, ಅಂಜಿಕೆ ಎಲ್ಲ ನೋಡಬೇಕು. ಆಮೇಲೆ ತೀರ್ಮಾನ. ಎರಡು ತಿಂಗಳಿಗೆ ಮಾರಿದರೆ ಬರುವ ದುಡ್ಡು ಬಿಟ್ಟು, ಮೇಲೆ ಮೇವಿಗೆ ಸುರಿಯುವುದನ್ನು ನೋಡಿ ಮನೆಯವರೂ ಬೈದರು. ಮರಿಗಳು ನಾಲ್ಕು ತಿಂಗಳು ದಾಟಿದ ಮೇಲೆ ದಿನಕ್ಕೆ ಮೂರು ನಾಲ್ಕು ಕಿಲೋ ಜೋಳದ ನುಚ್ಚು, ನಾಲ್ಕು ಲೀಟರ್ ಹಾಲು, ಮೊಟ್ಟೆ, ವಾರಕ್ಕೆರಡು ಸಲ ಕೋಳಿ ಅಂಗಡಿಯ ಕಾಲು ತಲೆ. ಲಸಿಕೆ ಬೇರೆ. ಆ ಒಂದು ಸೂಲಿಗೆ ಅರವತ್ತು ಎಪ್ಪತ್ತು ಸಾವಿರ ಖರ್ಚಾಗಿರಬೇಕು.

ಸರದಾರನನ್ನು ಆರಿಸಿದ್ದು ಅವನನ್ನು ನೋಡಿ ಅಲ್ಲ, ಅವನ ಅಕ್ಕತಂಗಿಯರನ್ನು ನೋಡಿ. ಒಂದೇ ಸೂಲಿನ ಎಂಟು ಮರಿಗಳು ಎಲ್ಲೆಲ್ಲಿ ಹೋಗಿದ್ದವೋ ಅಲ್ಲೆಲ್ಲ ಬೈಕ್ ಹಾಕಿಕೊಂಡು ಹೋದೆ. ಒಂದು ಸತ್ತಿತ್ತು, ಒಂದು ಮಹಾರಾಷ್ಟ್ರಕ್ಕೆ ಹೋಗಿತ್ತು. ಉಳಿದವು ಒಂದೇ ಅಚ್ಚು. ಎದೆ ಆಳ, ಬೆರಳು ಬಿಗಿ, ಅಪರಿಚಿತರನ್ನು ಕಂಡರೆ ದೂರ ನಿಲ್ಲುತ್ತವೆ, ಆದರೆ ಬಾಲ ಒಳಗೆ ಹಾಕಿ ಮೂಲೆ ಸೇರುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ನಾಯಿ ಎಲ್ಲರ ಹತ್ತಿರ ಮೈ ಮುಟ್ಟಿಸಿಕೊಳ್ಳುವ ಜಾತಿ ಅಲ್ಲ, ಅದು ಅದರ ಗುಣ. ಅಂಜಿ ಕಚ್ಚುವುದು ಬೇರೆ, ಅದು ದೋಷ. ಅಂಜುಬುರುಕ ಗಂಡು ಎಷ್ಟೇ ಚೆಂದ ಇರಲಿ, ಬೀಜಕ್ಕೆ ಬೇಡ. ಒಂಟಿ ಬೀಜದ ಮರಿಯನ್ನು ಯಾರಾದರೂ ಪ್ರೀತಿಯಿಂದ ಸಾಕಬಹುದು. ಅಂಜಿ ಕಚ್ಚುವ ಮರಿಯನ್ನು ಬೀದಿಗೆ ಬಿಡುತ್ತಾರೆ.

ಇನ್ನು ಓಟ. ಬೇಟೆ ನಾಯಿ ಅಂದ ಮಾತ್ರಕ್ಕೆ ಮೊಲದ ಹಿಂದೆ ಬಿಡುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಕೆಲವರು ರಾತ್ರಿ ಹೋಗುತ್ತಾರೆ, ನಾನು ಹೋಗುವುದಿಲ್ಲ, ಹೋಗುವವರಿಗೆ ಗಂಡನ್ನೂ ಕೊಡುವುದಿಲ್ಲ. ಹಾಗಾದರೆ ಗಂಡಿನ ದಮ್ಮು ಹೇಗೆ ನೋಡುವುದು? ಹಳೆಯ ಬೈಕಿನ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಟೈರ್ ತೆಗೆದ ರಿಮ್ಮಿಗೆ ನೈಲಾನ್ ಹಗ್ಗ ಸುತ್ತುವ ಹಾಗೆ ಮಾಡಿದೆ. ಹಗ್ಗದ ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ. ಎಕ್ಸಲರೇಟರ್ ಕೊಟ್ಟರೆ ಚೀಲ ಹೊಲದ ಮೇಲೆ ಹಾರುತ್ತಾ ಬರುತ್ತದೆ. ಮೊದಮೊದಲು ಹಗ್ಗ ಕಡಿದು ಹೋಗುತ್ತಿತ್ತು, ಒಮ್ಮೆ ನಾಯಿಯ ಕಾಲಿಗೆ ಸುತ್ತಿಕೊಂಡು ಚರ್ಮ ಸುಲಿಯಿತು. ಆಮೇಲೆ ತೆಳು ಹಗ್ಗ ಬಿಟ್ಟು ಟ್ರ್ಯಾಕ್ಟರ್ ತಾಡಪತ್ರಿ ಕಟ್ಟುವ ಪಟ್ಟಿ ಹಾಕಿದೆ, ಸರಿಹೋಯಿತು. ಖರ್ಚು ಎರಡು ಸಾವಿರದೊಳಗೆ.

ಇಲ್ಲಿ ನಾನು ವೇಗ ನೋಡುವುದಿಲ್ಲ. ಓಡಿ ಬಂದ ಮೇಲೆ ತೊಡೆಯ ಒಳಭಾಗದಲ್ಲಿ ಬೆರಳಿಟ್ಟು ನಾಡಿ ಎಣಿಸುತ್ತೇನೆ. ಹತ್ತು ನಿಮಿಷದಲ್ಲಿ ತೇಕುವುದು ಇಳಿದು, ನೀರು ಕುಡಿದು, ಮತ್ತೆ ಚೀಲದ ಕಡೆ ನೋಡುವ ನಾಯಿ ನನಗೆ ಬೇಕು. ಅರ್ಧ ಗಂಟೆಯಾದರೂ ತೇಕುತ್ತಾ ಮಲಗುವ ನಾಯಿ ಎಷ್ಟು ಜೋರು ಓಡಿದರೂ ಬೇಡ. ಗ್ರೇಹೌಂಡ್ ಅನ್ನುವ ವಿದೇಶಿ ಓಟದ ನಾಯಿ ಬೆರೆಸಿದ ಮರಿಗಳನ್ನೂ ಇದೇ ಹಗ್ಗದ ಹಿಂದೆ ಓಡಿಸಿ ನೋಡಿದ್ದೇನೆ. ಮೊದಲ ಮುನ್ನೂರು ಮೀಟರ್ ನಮ್ಮವನ್ನು ಹಿಂದೆ ಹಾಕಿದವು. ಮೂರನೇ ಓಟಕ್ಕೆ ನಿಂತವು, ನಮ್ಮ ಎರೆ ಹೊಲದ ಹೆಂಟೆಯಲ್ಲಿ ಕಾಲೂ ನೋಯಿಸಿಕೊಂಡವು. ನಾನು ನೋಡಿದ ನಾಲ್ಕೈದು ನಾಯಿಗಳ ಮಾತು ಇದು. ಆದರೆ ಬೆರಕೆಯ ನಾಯಿಯನ್ನು ಮುಧೋಳ ಅಂತ ಹೇಳಿ ಮಾರುವುದನ್ನು ನಾನು ಎಂದೂ ಒಪ್ಪುವುದಿಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಹುಡುಕಿ ಹುಡುಕಿ ಉಳಿಸಿದ ತಳಿ ಇದು. ಬಹುಮಾನದ ಆಸೆಗೆ ಕೆಡಿಸಬಾರದು.

ಮೇವಿನ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. ಒಂದೇ ಸೂಲಿನ ಎರಡು ಮರಿಗಳಿಗೆ ಜೋಳ, ಎರಡಕ್ಕೆ ಸಜ್ಜೆ, ಎರಡಕ್ಕೆ ಪೇಟೆಯ ಪ್ಯಾಕೆಟ್ ಆಹಾರ. ಪ್ಯಾಕೆಟ್ ತಿಂದವು ಬೇಗ ತೂಕ ಬಂದವು, ಆದರೆ ಪಕ್ಕೆಲುಬು ಮುಚ್ಚಿಹೋಯಿತು. ಜೋಳ, ಸಜ್ಜೆ ಎರಡರಲ್ಲಿ ಏನೂ ಫರಕು ಕಾಣಲಿಲ್ಲ, ಮೊಟ್ಟೆ ಮಾಂಸ ಇದ್ದರೆ ಆಯಿತು. ನಮ್ಮ ಗಂಡು ಇಪ್ಪತ್ತೈದು ಇಪ್ಪತ್ತಾರು ಕಿಲೋ ಮೇಲೆ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಪೇಟೆಯಿಂದ ಬಂದವರು ಪಕ್ಕೆಲುಬು ನೋಡಿ "ಪಾಪ, ಊಟ ಹಾಕಲ್ವಾ?" ಅಂತಾರೆ. ಹೇಳಿ ಹೇಳಿ ಸಾಕಾಗಿದೆ. ಕ್ರಾಸಿಂಗ್‌ಗೆ ಹದಿನೈದು ದಿನ ಮುಂಚೆ ಏನು ಕೊಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಅಜ್ಜಿ ಹೋರಿಗೆ ಕೊಡುತ್ತಿದ್ದದ್ದು, ಮನೆಯಲ್ಲೇ ಇರಲಿ.

ಈಗ ಜ್ವರದ ವಿಷಯಕ್ಕೆ ಬರುತ್ತೇನೆ. ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಸರದಾರನಿಗೆ ಒಂದು ಮಳೆಗಾಲದಲ್ಲಿ ಉಣ್ಣಿ ಜ್ವರ ಬಂತು. ಹಲ್ಲಿನ ವಸಡು ಬೆಳ್ಳಗಾಯಿತು, ಮೂಗಿನಲ್ಲಿ ರಕ್ತ ಬಂತು. ಡಾಕ್ಟರ್ ತಿಂಗಳ ಹತ್ತಿರ ಡಾಕ್ಸಿಸೈಕ್ಲಿನ್ ಕೊಟ್ಟರು. ಗುಣವಾಯಿತು, ಮೈ ತುಂಬಿಕೊಂಡ, ಮೊದಲಿನ ಹಾಗೆ ಓಡಿದ. ಆಗ ನನ್ನದೇ ಹೆಣ್ಣು ಬೆದೆಗೆ ಬಂತು. ಎರಡು ಸಲ ಹತ್ತಿದ, ಎರಡು ಸಲವೂ ಚೆನ್ನಾಗಿ ಲಾಕ್ ಆಯಿತು (ಎರಡೂ ಅಂಟಿಕೊಂಡು ನಿಂತವು), ಇಪ್ಪತ್ತು ನಿಮಿಷದ ಮೇಲೆಯೇ. ಹೆಣ್ಣು ಖಾಲಿ, ಗಬ್ಬ ನಿಲ್ಲಲಿಲ್ಲ! ಇನ್ನೊಂದು ಹೆಣ್ಣಿಗೂ ಹಾಗೇ. ಕಾಕಾ ಸಿಕ್ಕಾಗ "ನಾ ಹೇಳಿದ್ದಿಲ್ಲೇನೂ?" ಅಂದರು. ಮೂರು ವರ್ಷ ಕಟ್ಟಿದ್ದಕ್ಕೇ ಹೀಗಾಯಿತು ಅಂತ ಊರೆಲ್ಲ ಮಾತು.

ಪಶುವೈದ್ಯ ಕಾಲೇಜಿಗೆ ಕರೆದುಕೊಂಡು ಹೋಗಿ ವೀರ್ಯ ಪರೀಕ್ಷೆ ಮಾಡಿಸಿದೆ. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ನೂರರಲ್ಲಿ ಇಪ್ಪತ್ತೂ ಚಲಿಸುತ್ತಿರಲಿಲ್ಲ. ಒಳ್ಳೆ ಗಂಡಿಗೆ ಎಪ್ಪತ್ತರ ಮೇಲೆ ಇರಬೇಕು. ನಾಯಿಗೆ ಹೊಸ ವೀರ್ಯ ತಯಾರಾಗಲು ಎರಡು ತಿಂಗಳು ಬೇಕು, ಜೋರು ಜ್ವರ ಬಂದರೆ ಆಗ ತಯಾರಾಗುತ್ತಿದ್ದದ್ದೆಲ್ಲ ಕೆಡುತ್ತದೆ ಅಂತ ಡಾಕ್ಟರ್ ಹೇಳಿದರು. ಮುಂದೆ ಎರಡೂವರೆ ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದೆ, ಎಪ್ಪತ್ತೈದರ ಮೇಲೆ ಬಂತು. ಪರೀಕ್ಷೆಯ ಖರ್ಚು ಕೆಲವೇ ನೂರು ರೂಪಾಯಿ, ಗಾಡಿ ಬಾಡಿಗೆಯೇ ಅದಕ್ಕಿಂತ ಜಾಸ್ತಿ. ಇವತ್ತಿಗೂ ನಮ್ಮ ಕಡೆ ಯಾರೂ ಮಾಡಿಸುವುದಿಲ್ಲ. ಹೆಣ್ಣು ಖಾಲಿಯಾದರೆ ಹೆಣ್ಣಿನದೇ ತಪ್ಪು ಅನ್ನುತ್ತಾರೆ.

ಕಾಕಾ ಹೇಳಿದ್ದರಲ್ಲಿ ಒಂದು ಸತ್ಯವೂ ಇದೆ. ಬಹಳ ದಿನ ಬಿಡುವು ಕೊಟ್ಟ ಗಂಡಿನ ಮೊದಲ ಹನಿಯಲ್ಲಿ ಹಳೆಯದು, ಸತ್ತದ್ದು ಜಾಸ್ತಿ ಇರುತ್ತದೆ. ಅದಕ್ಕೆ ನಾನು ಒಂದೇ ಸಲಕ್ಕೆ ಬಿಡುವುದಿಲ್ಲ. ಎರಡು ದಿನದ ಅಂತರದಲ್ಲಿ ಎರಡು ಸಲ ಬಿಡುತ್ತೇನೆ.

ಬಿಸಿಲಿನಿಂದಲೂ ಇದೇ ತೊಂದರೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ಸಾಮಾನ್ಯ. ತಗಡಿನ ಶೆಡ್ಡು, ಸಿಮೆಂಟ್ ನೆಲದ ಮೇಲೆ ಕಟ್ಟಿದರೆ ಬೀಜ ಕಾಯುತ್ತದೆ. ಬೇವಿನ ಮರದ ಕೆಳಗೆ ಗುಂಡಿ ತೋಡಿ ಮರಳು ಹಾಕಿ, ಮಧ್ಯಾಹ್ನ ನೀರು ಚಿಮುಕಿಸಿದೆ. ಸುತ್ತ ಒದ್ದೆ ಗೋಣಿ ತಟ್ಟು ಕಟ್ಟಿದೆ. ಸರದಾರ ದಿನವಿಡೀ ಅದರಲ್ಲೇ ಮಲಗುತ್ತಿದ್ದ. ಬೇಸಿಗೆಯಲ್ಲಿ ಕ್ರಾಸಿಂಗ್ ಆದರೆ ಬೆಳಿಗ್ಗೆ ಆರರೊಳಗೆ ಮುಗಿಸುತ್ತೇನೆ.

ಹೆಣ್ಣಿನ ದಿನ ಹಿಡಿಯುವುದು ಎಲ್ಲರಿಗೂ ಗೊತ್ತು. ರಕ್ತ ಕಂಡ ಹನ್ನೊಂದನೇ ದಿನ, ಹದಿಮೂರನೇ ದಿನ ಅಂತಾರೆ. ಆದರೆ ಹದಿನೇಳನೇ ದಿನಕ್ಕೆ ತಯಾರಾದ ಹೆಣ್ಣನ್ನೂ ನೋಡಿದ್ದೇನೆ. ಅನುಮಾನ ಇದ್ದರೆ ರಕ್ತದಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ನೋಡಿಸಿ, ಮನುಷ್ಯರ ಲ್ಯಾಬಿನಲ್ಲೂ ಕೆಲವರು ಮಾಡಿಕೊಡುತ್ತಾರೆ. ಒಂದು ಮಿಲಿಲೀಟರಿಗೆ ಐದು ನ್ಯಾನೋಗ್ರಾಂ ಹತ್ತಿರ ಬಂದರೆ ಮೊಟ್ಟೆ ಬಿಟ್ಟಿದೆ ಅಂತ ಅರ್ಥ, ಎರಡು ದಿನ ಬಿಟ್ಟು ಹತ್ತಿಸಿ. ಸಾವಿರ ರೂಪಾಯಿಯೊಳಗೆ ಆಗುತ್ತದೆ.

ಹೊರಗಿನ ಹೆಣ್ಣು ಬಂದಾಗ ನಾನು ಮೊದಲು ನೋಡುವುದು ಗಡ್ಡೆ. ಬೀದಿ ನಾಯಿಗಳ ಜೊತೆ ಓಡಾಡಿದ ಹೆಣ್ಣಿಗೆ ಯೋನಿಯಲ್ಲಿ ಹೂಕೋಸಿನಂಥ ಗಡ್ಡೆ ಇದ್ದರೆ, ಬೆದೆ ಮುಗಿದ ಮೇಲೂ ರಕ್ತ ಹನಿಯುತ್ತಿದ್ದರೆ, ಅದು ಕ್ರಾಸಿಂಗ್‌ನಿಂದ ಹರಡುವ ಗಡ್ಡೆ. ಅದು ಗಂಡಿಗೆ ತಗಲಿದರೆ ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಐದಾರು ವಾರ. ಗುಣವಾಗುತ್ತದೆ, ಆದರೆ ಆ ಔಷಧದಿಂದ ವೀರ್ಯಕ್ಕೂ ಪೆಟ್ಟು. ಬ್ರೂಸೆಲ್ಲಾ ಅನ್ನುವ ಸೋಂಕಿನ ಪರೀಕ್ಷೆಯನ್ನೂ ಕೇಳುತ್ತೇನೆ. ಅದರಿಂದ ಹೆಣ್ಣು ಕಂದು ಹಾಕುತ್ತದೆ (ಗರ್ಭ ಬಿದ್ದುಹೋಗುತ್ತದೆ), ಗಂಡು ಬಂಜೆಯಾಗುತ್ತದೆ, ಮನುಷ್ಯರಿಗೂ ತಗಲಬಹುದು. ಕಾಗದ ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡು ಹೋದವರು ಬಹಳ ಜನ. ಹೋಗಲಿ. ಹೆಣ್ಣಿಗೆ ಹದಿನೆಂಟು ತಿಂಗಳು ಆಗಿರದಿದ್ದರೆ ಮಾತೇ ಇಲ್ಲ, 2017ರ ಕೇಂದ್ರದ ನಿಯಮವೂ ಅದನ್ನೇ ಹೇಳುತ್ತದೆ.

ಕೊನೆಗೆ ರಕ್ತಸಂಬಂಧ. ನಮ್ಮ ಹಳ್ಳಿಗಳಲ್ಲಿ ಒಳ್ಳೆ ಗಂಡು ಒಂದೇ ಇದ್ದರೆ ಮಗಳಿಗೂ ಅದೇ, ಮೊಮ್ಮಗಳಿಗೂ ಅದೇ. ತಂದೆ ಮಗಳ ಕ್ರಾಸಿಂಗ್ ಅಂದರೆ ಶೇಕಡಾ 25ರಷ್ಟು ಒಳಸಂಬಂಧ. ಮರಿ ಕಡಿಮೆ, ಸಾಯುವುದು ಜಾಸ್ತಿ. ನಾನು ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಅಜ್ಜ ಅಜ್ಜಿ ತನಕ ಬರೆದಿಡುತ್ತೇನೆ, ಫೋಟೋ ಅಂಟಿಸುತ್ತೇನೆ. ಎರಡು ತಲೆಮಾರಿನ ಹೆಸರು ಹೇಳಲು ಬಾರದ ಹೆಣ್ಣಿಗೆ ಸರದಾರನನ್ನು ಬಿಡುವುದಿಲ್ಲ.

ಸರದಾರನನ್ನು ಪರೀಕ್ಷಿಸಲು ಮನೆಯಲ್ಲೇ ಸಾಕಿದ ಸೂಲಿನಲ್ಲಿ ಏಳು ಮರಿ. ಒಂದು ಮೊದಲ ವಾರವೇ ಹೋಯಿತು. ಉಳಿದ ಆರರಲ್ಲಿ ಗಂಡು ನಾಲ್ಕು, ನಾಲ್ಕಕ್ಕೂ ಎರಡೂ ಬೀಜ ಇಳಿದವು, ಹಲ್ಲು ಸರಿ, ಒಂದೂ ಅಂಜುಬುರುಕ ಅಲ್ಲ. ಏಳು ತಿಂಗಳಿಗೆ ಮಾರಿದಾಗ ಒಂದೊಂದಕ್ಕೆ ಇಪ್ಪತ್ತೈದು ಸಾವಿರದ ಮೇಲೆ ಬಂತು, ಹಾಕಿದ ದುಡ್ಡು ತಿರುಗಿ ಬಂದು ಮೇಲೆ ಉಳಿಯಿತು. ಈಗ ಕ್ರಾಸಿಂಗ್‌ಗೆ ಐದು ಸಾವಿರ, ಇಲ್ಲ ಅಂದರೆ ನಾನು ಆರಿಸಿದ ಒಂದು ಮರಿ. ವರ್ಷಕ್ಕೆ ಹತ್ತರ ಮೇಲೆ ಒಪ್ಪುವುದಿಲ್ಲ. ಕಾಕಾನ ಹೆಣ್ಣು ಹೋದ ಸಲ ಎಂಟು ಹಾಕಿತು, ಎಂಟೂ ಉಳಿದವು. ಅವರಿಗೆ ದುಡ್ಡು ಕೇಳಲಿಲ್ಲ. ಅವರ ಮನೆಯ ಹಳೆಯ ರಕ್ತದ ಒಂದು ಹೆಣ್ಣು ಮರಿ ತಂದಿದ್ದೇನೆ, ಕಪ್ಪು ಮೂತಿಯದು. ಅದು ಸರದಾರನ ಮಗಳು, ಹಾಗಾಗಿ ಅದಕ್ಕೆ ಬೇರೆ ಗಂಡು ಬೇಕು. ರಾಯಬಾಗ ಕಡೆ ಒಂದು ಇದೆ ಅಂತ ಕೇಳಿದ್ದೇನೆ. ಮಳೆ ನಿಂತ ಮೇಲೆ ಹೋಗಿ ಅದರ ಅಣ್ಣತಮ್ಮಂದಿರನ್ನು ನೋಡಿಕೊಂಡು ಬರಬೇಕು.