ನಾಲ್ಕು ಸಲ ಬೀಥೋವನ್: ಕರಾಯಾನ್ ಧ್ವನಿಮುದ್ರಿಕೆಗಳನ್ನು ಹೋಲಿಸಿ ಕೇಳುವ ಬಗೆ

ಆಸ್ಟ್ರಿಯಾದ ವಾದ್ಯವೃಂದ ನಿರ್ದೇಶಕ ಹೆರ್ಬರ್ಟ್ ಫಾನ್ ಕರಾಯಾನ್ ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ಧ್ವನಿಮುದ್ರಿಕೆಗಾಗಿ ನಾಲ್ಕು ಸಲ ನುಡಿಸಿದರು. ಮೊದಲನೆಯದು 1951ರಿಂದ 1955ರ ನಡುವೆ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದ ಜತೆ. ಉಳಿದ ಮೂರೂ ಬರ್ಲಿನ್ ಫಿಲ್ಹಾರ್ಮೋನಿಕ್ ಜತೆ: 1961–62, 1975–77, 1982–84. ಇವುಗಳಲ್ಲಿ ಯಾವುದು ಮೇಲು ಎಂಬ ವಾದ ದಶಕಗಳಿಂದ ನಡೆದಿದೆ. ವಾದಿಸುವವರಲ್ಲಿ ಹೆಚ್ಚಿನವರು ಹೋಲಿಸುತ್ತಿರುವುದು ನಿರ್ದೇಶಕನನ್ನಲ್ಲ, ಸಭಾಂಗಣವನ್ನೋ ಮೈಕನ್ನೋ ಸಿ.ಡಿ. ತಯಾರಿಸಿದವರ ಕೈಚಳಕವನ್ನೋ. ಕಿವಿಗೆ ಬಿದ್ದ ವ್ಯತ್ಯಾಸ ಯಾರದ್ದು ಎಂದು ಬಿಡಿಸಿಕೊಳ್ಳಲು ಮುಂದಿನ ಹಂತಗಳು ಬೇಕು. ದುಬಾರಿ ಸಾಧನವೇನೂ ಬೇಡ. ಒಂದು ಕಂಪ್ಯೂಟರ್, ಸಾಧಾರಣ ಹೆಡ್‌ಫೋನ್, ಐಎಂಎಸ್‌ಎಲ್‌ಪಿ ತಾಣದಿಂದ ಉಚಿತವಾಗಿ ಇಳಿಸಿಕೊಂಡ ಸ್ವರಲಿಪಿ ಇದ್ದರೆ ಸಾಕು. ಸ್ವರಲಿಪಿ ಓದಲು ಬಾರದಿದ್ದರೂ ಬಾರ್ (ಸ್ವರಲಿಪಿಯಲ್ಲಿ ಎರಡು ನಿಲುಗೆರೆಗಳ ನಡುವಿನ ತಾಳದ ಘಟಕ) ಸಂಖ್ಯೆಗಳನ್ನು ಹಿಂಬಾಲಿಸುವುದು ಒಂದು ವಾರದಲ್ಲಿ ಬರುತ್ತದೆ.

ಕೈಯಲ್ಲಿರುವುದು ಯಾವುದು?

ಮೊದಲ ತೊಡಕು ಇಲ್ಲೇ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಕಾಣುವ ಇಸವಿ ಬಹಳ ಸಲ ಮರುಬಿಡುಗಡೆಯದ್ದು. 1962ರ ನುಡಿಸಾಣಿಕೆ 2014ರ ಹೆಸರಲ್ಲಿ ಕುಳಿತಿರಬಹುದು. ಮುಖಪುಟದ ಚಿತ್ರವನ್ನಂತೂ ನಂಬಲೇಬೇಡಿ. ಒಂಬತ್ತನೆಯ ಸಿಂಫನಿಯ ಗಾಯಕರ ಪಟ್ಟಿಯೇ ಗಟ್ಟಿ ಗುರುತು. ಎಲಿಸಬೆತ್ ಶ್ವಾರ್ಟ್ಸ್‌ಕಾಫ್, ಮಾರ್ಗಾ ಹೊಫ್ಗೆನ್, ಅರ್ನ್‌ಸ್ಟ್ ಹೆಫ್ಲಿಗರ್, ಆಟೊ ಎಡೆಲ್‌ಮನ್ ಇದ್ದರೆ ಅದು 1955ರದು. ಗುಂಡುಲಾ ಯಾನೊವಿಟ್ಸ್, ವಾಲ್ಟರ್ ಬೆರಿ ಇದ್ದರೆ 1962. ಅನ್ನಾ ತೊಮೊವಾ-ಸಿಂತೊವ್, ಪೀಟರ್ ಶ್ರಾಯರ್ ಇದ್ದರೆ ಎಪ್ಪತ್ತರ ದಶಕದ್ದು. ಜಾನೆಟ್ ಪೆರಿ, ವಿನ್ಸನ್ ಕೋಲ್ ಇದ್ದರೆ ಎಂಬತ್ತರದ್ದು. ಆಗ್ನೆಸ್ ಬಾಲ್ಟ್ಸಾ ಮತ್ತು ಜೋಸೆ ಫಾನ್ ಡಾಮ್ ಕೊನೆಯ ಎರಡರಲ್ಲೂ ಹಾಡಿದ್ದಾರೆ, ಹಾಗಾಗಿ ಅವರ ಹೆಸರಿನಿಂದ ಏನೂ ಇತ್ಯರ್ಥವಾಗುವುದಿಲ್ಲ.

ಹಳೆಯ ಸಿ.ಡಿ. ಸಿಕ್ಕರೆ ಹಿಂಬದಿಯ ಮೂರಕ್ಷರದ ಸಂಕೇತ ನೋಡಿ. ಎಎಡಿ ಅಥವಾ ಎಡಿಡಿ ಎಂದರೆ ಅನಲಾಗ್ ಟೇಪಿನಲ್ಲಿ ಮುದ್ರಿಸಿದ್ದು. ಡಿಡಿಡಿ ಎಂದಿದ್ದರೆ ಎಂಬತ್ತರ ದಶಕದ ಡಿಜಿಟಲ್ ಆವೃತ್ತಿ. ವೃತ್ತದೊಳಗೆ ‘ಪಿ’ ಅಕ್ಷರವಿರುವ ಇಸವಿ ಧ್ವನಿಮುದ್ರಿಕೆ ಹೊರಬಂದ ವರ್ಷ, ‘ಸಿ’ ಇರುವುದು ಹೊದಿಕೆಯ ಬರಹ, ವಿನ್ಯಾಸದ ಹಕ್ಕಿನದು. ಎರಡನ್ನೂ ಬೆರೆಸಬೇಡಿ.

ಪುನರಾವರ್ತನೆ ಮೊದಲು, ನಿಮಿಷ ಆಮೇಲೆ

ಒಂಬತ್ತನೆಯ ಸಿಂಫನಿಗೆ ಬರ್ಲಿನ್‌ನ ಮೂರೂ ಧ್ವನಿಮುದ್ರಿಕೆಗಳು ಸುಮಾರು 66–68 ನಿಮಿಷ ಹಿಡಿಯುತ್ತವೆ. ಇಷ್ಟನ್ನೇ ನೋಡಿ ‘ಕರಾಯಾನ್ ಇಪ್ಪತ್ತು ವರ್ಷದಲ್ಲಿ ಬದಲಾಗಲೇ ಇಲ್ಲ’ ಎಂದವರಿದ್ದಾರೆ. ಒಟ್ಟು ಸಮಯ ಬಹಳ ಮುಚ್ಚಿಡುತ್ತದೆ. ಒಂದು ಭಾಗದಲ್ಲಿ ಉಳಿಸಿದ ಅರ್ಧ ನಿಮಿಷವನ್ನು ಇನ್ನೊಂದರಲ್ಲಿ ಖರ್ಚು ಮಾಡಿದರೆ ಮೊತ್ತ ಹಾಗೇ ಇರುತ್ತದೆ. ಆದ್ದರಿಂದ ಭಾಗವಾರು ಪಟ್ಟಿ ಮಾಡಿ.

ಪಟ್ಟಿಗೆ ಮುನ್ನ ಪುನರಾವರ್ತನೆಗಳನ್ನು ಗುರುತಿಸಿಕೊಳ್ಳಿ. ಮೊದಲ ಭಾಗದ ಆರಂಭದ ಖಂಡವನ್ನು ಇನ್ನೊಮ್ಮೆ ನುಡಿಸಬೇಕೆಂದು ಬೀಥೋವನ್ ಹಲವೆಡೆ ಬರೆದಿದ್ದಾನೆ. ಅದನ್ನು ಪಾಲಿಸುವುದೂ ಬಿಡುವುದೂ ನಿರ್ದೇಶಕನ ಕೈಲಿದೆ. ಮೂರನೆಯ ಸಿಂಫನಿ ‘ಎರೊಯಿಕಾ’ದಲ್ಲಿ ಕರಾಯಾನ್ ನಾಲ್ಕೂ ಸಲ ಅದನ್ನು ಬಿಟ್ಟಿದ್ದಾರೆ. ಐದನೆಯದರ ಮೊದಲ ಭಾಗದಲ್ಲಿ ಬರ್ಲಿನ್ ಜತೆ ಪಾಲಿಸಿದ್ದಾರೆ. ಅದಕ್ಕೇ ಅದು 7 ನಿಮಿಷ ದಾಟುತ್ತದೆ. ಎರೊಯಿಕಾದ ಆ ಖಂಡ ಸುಮಾರು 150 ಬಾರ್. ಅದನ್ನು ಮತ್ತೆ ನುಡಿಸಿದರೆ ಮೂರು ನಿಮಿಷ ಬೆಳೆಯುತ್ತದೆ. ಇದನ್ನು ಗಮನಿಸದೆ ಬೇರೊಬ್ಬ ನಿರ್ದೇಶಕನ ಎರೊಯಿಕಾದ 17 ನಿಮಿಷದ ಮೊದಲ ಭಾಗವನ್ನು ಕರಾಯಾನ್‌ಗಿಂತ ನಿಧಾನ ಎಂದರೆ ತೀರ್ಪು ತಲೆಕೆಳಗಾಗಬಹುದು.

ಟ್ರ್ಯಾಕ್‌ನ ಕೊನೆಯ ನಿಶ್ಶಬ್ದವೂ ಲೆಕ್ಕಕ್ಕೆ ಸೇರಿರುತ್ತದೆ. ಕೆಲವು ಸಿ.ಡಿ.ಗಳಲ್ಲಿ ಅದು ಐದಾರು ಸೆಕೆಂಡ್ ಇರುತ್ತದೆ, ಕಳೆದುಬಿಡಿ.

ಕಾಲಪ್ರಮಾಣದ ಲೆಕ್ಕ

ಸೂತ್ರ ಸರಳ: ಬಾರ್‌ಗಳ ಸಂಖ್ಯೆಯನ್ನು ಸೆಕೆಂಡ್‌ಗಳಿಂದ ಭಾಗಿಸಿ, 60ರಿಂದ ಗುಣಿಸಿ. ನಿಮಿಷಕ್ಕೆ ಎಷ್ಟು ಬಾರ್ ಎಂಬುದು ಸಿಗುತ್ತದೆ.

ಎರೊಯಿಕಾದ ಮೊದಲ ಭಾಗ 691 ಬಾರ್, ಪ್ರತಿ ಬಾರ್‌ಗೆ ಮೂರೆಣಿಕೆ. ಬೀಥೋವನ್ ಕೊಟ್ಟ ಮೆಟ್ರೊನೋಮ್ (ತಾಳದ ವೇಗ ಅಳೆಯುವ ಯಂತ್ರ) ಗುರುತು ನಿಮಿಷಕ್ಕೆ 60 ಬಾರ್, ಅಂದರೆ ಸೆಕೆಂಡಿಗೊಂದು. ಆ ಲೆಕ್ಕದಲ್ಲಿ, ಪುನರಾವರ್ತನೆ ಬಿಟ್ಟು, 11 ನಿಮಿಷ 31 ಸೆಕೆಂಡಿಗೆ ಮುಗಿಯಬೇಕು. ಕರಾಯಾನ್ 1962ರಲ್ಲಿ ತೆಗೆದುಕೊಂಡದ್ದು 14 ಮುಕ್ಕಾಲು ನಿಮಿಷದ ಆಸುಪಾಸು. ಸರಾಸರಿ ನಿಮಿಷಕ್ಕೆ 47 ಬಾರ್. ಆ ಕಾಲದ ಕಿವಿಗೆ ಇದು ಚುರುಕಾಗಿಯೇ ಕೇಳಿಸಿತ್ತು. ಎರಡನೆಯ ಭಾಗವಾದ ಶವಯಾತ್ರೆಯ ನಡಿಗೆಯಲ್ಲಿ ಅಂತರ ಇನ್ನೂ ದೊಡ್ಡದು. ಅಲ್ಲಿ 247 ಬಾರ್, ಬಾರ್‌ಗೆ ನಾಲ್ಕು ಕಿರು ಎಣಿಕೆ, ಬೀಥೋವನ್ ಬರೆದದ್ದು ನಿಮಿಷಕ್ಕೆ 80 ಕಿರು ಎಣಿಕೆ. ಹನ್ನೆರಡೂಕಾಲು ನಿಮಿಷ ಮೀರುವಷ್ಟರಲ್ಲಿ ಮುಗಿಯಬೇಕಾದದ್ದು 1962ರಲ್ಲಿ ಸುಮಾರು 17 ನಿಮಿಷ ಹಿಡಿಯಿತು. ಎಣಿಕೆ 58ಕ್ಕೆ ಇಳಿಯಿತು.

ಸರಾಸರಿ ಒಂದೇ ಸಾಲದು. ಒಂದು ತುಂಡು ಹಿಡಿದು ಅಳೆಯಿರಿ. ಎರೊಯಿಕಾದ ಎರಡು ಹೊಡೆತಗಳಾದ ಮೇಲೆ ಚೆಲ್ಲೊಗಳು ಎತ್ತಿಕೊಳ್ಳುವ 3ನೆಯ ಬಾರಿನಿಂದ, ಗಾಳಿವಾದ್ಯಗಳು ಮೆಲ್ಲಗೆ ಒಟ್ಟುಗೂಡುವ 83ನೆಯ ಬಾರಿನವರೆಗೆ ಒಟ್ಟು 80 ಬಾರ್. ಇದಕ್ಕೆ 96 ಸೆಕೆಂಡ್ ಹಿಡಿದರೆ ವೇಗ 50, 107 ಹಿಡಿದರೆ 45. ಇಡೀ ಭಾಗದ ಸರಾಸರಿಗಿಂತ ಈ ತುಂಡು ವೇಗವಾಗಿದ್ದರೆ ಮುಂದೆಲ್ಲೋ ನಿರ್ದೇಶಕ ಹಿಡಿದು ನಿಲ್ಲಿಸಿದ್ದಾನೆ ಎಂದರ್ಥ. ಎಲ್ಲಿ ಎಂದು ಹುಡುಕುವುದೇ ರುಚಿಯ ಕೆಲಸ.

ಸ್ಟಾಪ್‌ವಾಚ್ ಸಾಕು. ಇನ್ನೂ ಸೂಕ್ಷ್ಮವಾಗಿ ಬೇಕಿದ್ದರೆ ಸಾನಿಕ್ ವಿಷುವಲೈಸರ್ ಎಂಬ ಉಚಿತ ತಂತ್ರಾಂಶವಿದೆ. ಸಂಗೀತ ಓಡುತ್ತಿರುವಾಗ ತಾಳ ಹಾಕುವಂತೆ ಸೆಮಿಕೋಲನ್ ಕೀ ಒತ್ತುತ್ತಾ ಹೋದರೆ ಎಣಿಕೆಗಳು ಪರದೆಯ ಮೇಲೆ ಗೆರೆಗಳಾಗಿ ಬೀಳುತ್ತವೆ. ಬೆರಳಿನ ತಪ್ಪು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಇದ್ದೇ ಇರುತ್ತದೆ. 80 ಬಾರ್‌ಗಳ ಮೇಲೆ ಅದು ಏನೇನೂ ಅಲ್ಲ, ಒಂದೇ ಬಾರ್‌ನ ಮೇಲೆ ಶೇ 10ರಷ್ಟಾಗಿಬಿಡುತ್ತದೆ. ಹಾಗಾಗಿ ಎಂಟು ಬಾರ್‌ಗಿಂತ ಚಿಕ್ಕ ತುಂಡನ್ನು ಅಳೆದು ವಾದಕ್ಕಿಳಿಯಬೇಡಿ. ಐದನೆಯ ಸಿಂಫನಿಯ ಮೊದಲ ಭಾಗವನ್ನು ಸರಾಸರಿಯಿಂದ ಅಳೆಯುವುದೂ ಬೇಡ. ನಾಲ್ಕು ಸ್ವರಗಳ ಆ ಪ್ರಸಿದ್ಧ ಏಟಿನ ನಂತರದ ನಿಲುಗಡೆಗಳು ನಿರ್ದೇಶಕನ ಇಷ್ಟದಷ್ಟು ಉದ್ದ, ಅವು ಸರಾಸರಿಯನ್ನು ಸುಳ್ಳುಮಾಡುತ್ತವೆ.

ಎಲ್‌ಪಿ ಕೇಳುವವರಿಗೆ ಇನ್ನೊಂದು ಎಚ್ಚರಿಕೆ. ಟರ್ನ್‌ಟೇಬಲ್ ಶೇ 1ರಷ್ಟು ವೇಗವಾದರೆ 15 ನಿಮಿಷದಲ್ಲಿ 9 ಸೆಕೆಂಡ್ ತಪ್ಪುತ್ತದೆ, ಶ್ರುತಿಯೂ 17 ಸೆಂಟ್ (ಅರ್ಧಸ್ವರದ ನೂರರಲ್ಲಿ ಒಂದು ಪಾಲು ಒಂದು ಸೆಂಟ್) ಏರುತ್ತದೆ. ಬರ್ಲಿನ್ ವೃಂದ ಮೊದಲೇ ವಾಡಿಕೆಯ 440 ಹರ್ಟ್ಸ್‌ಗಿಂತ ಮೇಲಿನ ಶ್ರುತಿಗೆ ಹೆಸರಾದದ್ದು. ಶ್ರುತಿ ಏರಿದರೆ ಧ್ವನಿ ಹೊಳೆಯುತ್ತದೆ, ಕಿವಿ ಅದನ್ನು ಉತ್ಸಾಹವೆಂದು ತಿಳಿಯುತ್ತದೆ.

ಧ್ವನಿಯ ಮಟ್ಟ ಸಮವಾಗಲಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಎರಡು ತುಣುಕುಗಳಲ್ಲಿ ಒಂದು ಕೇವಲ 1 ಡೆಸಿಬಲ್ ಜೋರಾಗಿದ್ದರೂ ಅದು ಜೋರು ಎನಿಸುವುದಿಲ್ಲ, ‘ಚೆನ್ನಾಗಿದೆ’ ಎನಿಸುತ್ತದೆ. ನಾಲ್ಕೂ ಧ್ವನಿಮುದ್ರಿಕೆಗಳಿಂದ ವೃಂದವೆಲ್ಲ ಒಟ್ಟಿಗೆ ನುಡಿಸುವ 20–30 ಸೆಕೆಂಡಿನ ಒಂದೇ ಜಾಗವನ್ನು ಆರಿಸಿ. ಐದನೆಯ ಸಿಂಫನಿಯ ಕೊನೆಯ ಭಾಗದ ಆರಂಭ ಇದಕ್ಕೆ ಹೇಳಿಮಾಡಿಸಿದ ಜಾಗ. ಆಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನಾ ತಂತ್ರಾಂಶದಲ್ಲಿ ಆ ತುಂಡುಗಳ ಮಟ್ಟವನ್ನು ಅರ್ಧ ಡೆಸಿಬಲ್‌ನೊಳಗೆ ಸಮ ಮಾಡಿ. ಅಲ್ಲಿ ಎಷ್ಟು ಏರಿಸಿದಿರೋ ಇಳಿಸಿದಿರೋ, ಇಡೀ ಸಿಂಫನಿಗೂ ಅಷ್ಟನ್ನೇ ಅನ್ವಯಿಸಿ.

ಆ್ಯಪ್‌ಗಳ ‘ನಾರ್ಮಲೈಸೇಶನ್’ ಆಯ್ಕೆಯನ್ನು ಇಲ್ಲಿ ನೆಚ್ಚಬೇಡಿ. ಟ್ರ್ಯಾಕ್‌ಗೆ ಟ್ರ್ಯಾಕ್ ಸಮ ಮಾಡುವಂತಿದ್ದರೆ ಮೆಲುದನಿಯ ಎರಡನೆಯ ಭಾಗವನ್ನು ಅಬ್ಬರದ ನಾಲ್ಕನೆಯದರ ಮಟ್ಟಕ್ಕೆ ಎತ್ತಿ ಕೂರಿಸುತ್ತದೆ. ಮೆಲುವಿಗೂ ಅಬ್ಬರಕ್ಕೂ ನಡುವಿನ ಅಂತರ ಕರಾಯಾನ್ ಶೈಲಿಯ ಅರ್ಧ ಭಾಗ.

ಮೊದಲ ಆವೃತ್ತಿ ಬಹುಮಟ್ಟಿಗೆ ಮಾನೊ, ಅಂದರೆ ಎಡಬಲ ಎರಡರಲ್ಲೂ ಒಂದೇ ಧ್ವನಿ. ಅದರ ಪಕ್ಕ ಸ್ಟೀರಿಯೊ ಇಟ್ಟರೆ ಕಿವಿ ಮೊದಲು ಹಿಡಿಯುವುದು ಧ್ವನಿಯ ಅಗಲವನ್ನು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ ‘ಮಾನೊ ಆಡಿಯೊ’ ಒತ್ತಿ, ನಾಲ್ಕನ್ನೂ ಒಂದು ಸಲ ಮಾನೊದಲ್ಲೇ ಕೇಳಿ. ಫಿಲ್ಹಾರ್ಮೋನಿಯಾ ಎಷ್ಟು ನಯವಾಗಿ ನುಡಿಸಿದೆ ಎಂಬುದು ಆಗ ಗೊತ್ತಾಗುತ್ತದೆ.

ಗೋಡೆಗಳ ಪಾಲು

ಫಿಲ್ಹಾರ್ಮೋನಿಯಾ ಸರಣಿಯ ಬಹುಭಾಗ ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನದು. ಒಂಬತ್ತನೆಯದು ಮಾತ್ರ ವಿಯೆನ್ನಾದಲ್ಲಿ. ಧ್ವನಿಮುದ್ರಿಕೆ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಈ ವೃಂದಕ್ಕೆ ಆರಂಭದ ಕಷ್ಟಕಾಲದಲ್ಲಿ ಹಣದ ನೆರವು ನೀಡಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಅವರೇ. 1949ರಲ್ಲಿ ಇದೇ ವೃಂದದೊಂದಿಗೆ ಕರಾಯಾನ್ ಮುದ್ರಿಸಿದ ರಷ್ಯಾದ ಸಂಗೀತಕಾರ ಬಲಾಕಿರೆವ್‌ನ ಮೊದಲ ಸಿಂಫನಿಯ ಹಿಂದೆಯೂ ಮೈಸೂರಿನ ಹಣವಿತ್ತು.

1961–62ರದು ಬರ್ಲಿನ್‌ನ ಡಾಲೆಮ್ ಬಡಾವಣೆಯ ಯೇಸು ಕ್ರಿಸ್ತ ಚರ್ಚಿನಲ್ಲಿ ನಡೆಯಿತು. ಅಲ್ಲಿನ ಅನುರಣನ ತಂತಿವಾದ್ಯಗಳಿಗೆ ಮೃದುವಾದ ಅಂಚು ಕಟ್ಟುತ್ತದೆ. ಕೊನೆಯ ಎರಡು ಸರಣಿಗಳು 1963ರಲ್ಲಿ ತೆರೆದ ಫಿಲ್ಹಾರ್ಮೊನಿ ಸಭಾಂಗಣದಲ್ಲಿ. ಮೈಕುಗಳು ಹತ್ತಿರ, ಒಂದೊಂದು ವಾದ್ಯವೂ ಬಿಡಿಬಿಡಿ. ‘ಕರಾಯಾನ್ ವಯಸ್ಸಾದಂತೆ ಗಡುಸಾದರು’ ಎಂಬ ದೂರಿನಲ್ಲಿ ಒಂದು ಪಾಲು ಈ ಸ್ಥಳಾಂತರದ್ದು, ಇನ್ನೊಂದು ಮೊದಲ ತಲೆಮಾರಿನ ಡಿಜಿಟಲ್ ಯಂತ್ರಗಳದ್ದು. ಪರೀಕ್ಷೆ ಸುಲಭ. ಜೋರಾದ ಒಂದು ಹೊಡೆತ ನಿಂತಾಗ ಧ್ವನಿ ಎಷ್ಟು ಹೊತ್ತಿನಲ್ಲಿ ಆರುತ್ತದೆ ಎಂದು ಕಿವಿಗೊಡಿ; ಎರೊಯಿಕಾದ ಮೊದಲೆರಡು ಹೊಡೆತಗಳ ನಡುವಿನ ಸಂದು ಸಾಕು. ಆ ಬಾಲ ಸಭಾಂಗಣದ್ದು, ನಿರ್ದೇಶಕನದ್ದಲ್ಲ.

ನಾಲ್ಕಕ್ಕೂ ಬಳಕೆಯಾದದ್ದು ಹಳೆಯ ಮುದ್ರಣದ ಸ್ವರಲಿಪಿಯೇ. ಜೊನಾಥನ್ ಡೆಲ್ ಮಾರ್ ಸಂಪಾದಿಸಿದ ಪರಿಷ್ಕೃತ ಆವೃತ್ತಿ ಬಂದದ್ದು ಕರಾಯಾನ್ 1989ರಲ್ಲಿ ತೀರಿಕೊಂಡ ಮೇಲೆ. ಹಾಗಾಗಿ ವ್ಯತ್ಯಾಸಕ್ಕೆ ಪಾಠಾಂತರವನ್ನು ಕಾರಣ ಮಾಡುವಂತಿಲ್ಲ.

ಒಂದೇ ನುಡಿಸಾಣಿಕೆಯ ಎರಡು ಮರುಸಂಸ್ಕರಣಗಳನ್ನು ಬೇರೆ ಬೇರೆ ನುಡಿಸಾಣಿಕೆ ಎಂದುಕೊಳ್ಳುವುದೂ ಉಂಟು. ಅನುಮಾನ ಬಂದರೆ ಮೂರು ತುಂಡು ಅಳೆಯಿರಿ. ಮೂರರಲ್ಲೂ ಅಳತೆ ಕೂದಲೆಳೆಯೂ ತಪ್ಪದೆ ಹೊಂದಿದರೆ ಅದು ಅದೇ ಟೇಪು.

ಎಲ್ಲಿ ಕಿವಿಯಿಡಬೇಕು

ಇಡೀ ಸಿಂಫನಿಗಳನ್ನು ಒಂದರ ಹಿಂದೊಂದು ಕೇಳಿದರೆ ಮೊದಲನೆಯದು ಮರೆತೇ ಹೋಗುತ್ತದೆ. ಧ್ವನಿಯ ಬಣ್ಣದ ನೆನಪು ಕೆಲವೇ ಸೆಕೆಂಡಿನದು. 20ರಿಂದ 40 ಸೆಕೆಂಡಿನ ತುಂಡುಗಳನ್ನು ಕತ್ತರಿಸಿಟ್ಟು, ಹೆಸರಿನ ಬದಲು ಅ, ಆ, ಇ, ಈ ಎಂದು ಗುರುತು ಹಾಕಿ. ಯಾವುದು ಯಾವುದೆಂಬ ಪಟ್ಟಿ ಮನೆಯ ಬೇರೊಬ್ಬರ ಕೈಯಲ್ಲಿರಲಿ. ಒಂದು ಕೂತಿಗೆ ಒಂದೇ ಸಿಂಫನಿ.

ಎರೊಯಿಕಾದ ಮೂರನೆಯ ಭಾಗದ ನಡುವೆ ಮೂರು ಹಾರ್ನ್‌ಗಳು ಒಟ್ಟಿಗೆ ಹಾಡುವ ಜಾಗ ಮೊದಲ ಆಯ್ಕೆ. ಫಿಲ್ಹಾರ್ಮೋನಿಯಾದ ಮುಖ್ಯ ಹಾರ್ನ್ ವಾದಕ ಆಗ ಡೆನಿಸ್ ಬ್ರೈನ್. ಅಲ್ಲಿನ ಹಾರ್ನ್ ಧ್ವನಿ ಬರ್ಲಿನ್‌ಗಿಂತ ಹಗುರ, ಚುರುಕು. ಬರ್ಲಿನ್‌ನದು ದಪ್ಪ, ತುಂಬಿದ ಧ್ವನಿ. ಇದು ನಿರ್ದೇಶಕನಿಗಿಂತ ವಾದಕರ, ವಾದ್ಯಗಳ ವ್ಯತ್ಯಾಸ. ಅದೇ ಸಿಂಫನಿಯ ಮೊದಲ ಭಾಗದ 655ನೆಯ ಬಾರ್ ಮಾತ್ರ ಪೂರ್ತಿ ನಿರ್ದೇಶಕನ ಪರೀಕ್ಷೆ. ಬೀಥೋವನ್ ಬರೆದಂತೆ ಅಲ್ಲಿ ಟ್ರಂಪೆಟ್‌ಗಳು ರಾಗವನ್ನು ಅರ್ಧಕ್ಕೇ ಬಿಡುತ್ತವೆ. ಕಳೆದ ಶತಮಾನದ ಅನೇಕರು ಅದನ್ನು ಕೊನೆಯವರೆಗೆ ಮೊಳಗಿಸಿದರು. ನಿಮ್ಮ ನಾಲ್ಕರಲ್ಲಿ ಏನಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಐದನೆಯದರಲ್ಲಿ ಮೂರನೆಯ ಭಾಗದಿಂದ ನಾಲ್ಕಕ್ಕೆ ದಾಟುವ ಐವತ್ತು ಬಾರ್ ಬಿಡಲೇಬೇಡಿ. ತಂತಿಗಳು ಹೆಚ್ಚೂಕಡಿಮೆ ಉಸಿರಿನಷ್ಟು ಮೆಲ್ಲಗೆ, ಕೆಳಗೆ ಟಿಂಪನಿ ಎಂಬ ನಗಾರಿಯ ಬಡಿತ. ಟಿಂಪನಿ ಎಷ್ಟು ಸ್ಪಷ್ಟ? ಏರು ಯಾವಾಗ ಶುರು? ಸ್ವರಲಿಪಿಯಲ್ಲಿ ಅದು ಕೊನೆಯ ಎಂಟು ಬಾರ್‌ಗಳಲ್ಲಿ ಮಾತ್ರ. ಮೊದಲೇ ಉಬ್ಬಿಸಿದರೆ ಸ್ಫೋಟಕ್ಕೆ ಬಲ ಉಳಿಯದು. ಟೇಪಿನ ಹಿಸ್, ಅಂದರೆ ಹಿನ್ನೆಲೆಯ ಸರಸರ ಸದ್ದು, ಇಲ್ಲೇ ಹೆಚ್ಚು ಕೇಳುವುದು. ಹಿಸ್ ಪೂರಾ ಮಾಯವಾಗಿದ್ದರೆ ಖುಷಿಪಡಬೇಡಿ, ಅದರ ಜತೆ ಸಭಾಂಗಣದ ಗಾಳಿಯನ್ನೂ ಒರೆಸಿರುವ ಸಂಭವವುಂಟು.

ಆರನೆಯದರ ಎರಡನೆಯ ಭಾಗದ ಕೊನೆಗೆ ಕೊಳಲು, ಓಬೊ, ಕ್ಲಾರಿನೆಟ್‌ಗಳು ಹಕ್ಕಿಗಳಾಗುತ್ತವೆ. ಬರ್ಲಿನ್‌ನಲ್ಲಿ ಓಬೊಗೆ ಲೊಥಾರ್ ಕೋಕ್, ಕ್ಲಾರಿನೆಟ್‌ಗೆ ಕಾರ್ಲ್ ಲೈಸ್ಟರ್ ಮೂರೂ ಸರಣಿಗಳ ಕಾಲದಲ್ಲಿ ಅಲ್ಲೇ ಇದ್ದರು. ಆದರೆ ಮುಖ್ಯ ವಾದಕರು ಸರದಿಯಲ್ಲಿ ಕೂರುತ್ತಾರೆ. ಹೆಸರು ಹೇಳಿ ಪಂಥ ಕಟ್ಟುವುದು ಅಪಾಯ.

ಒಂಬತ್ತನೆಯದರ ಕೊನೆಯ ಭಾಗದಲ್ಲಿ ಆನಂದಗೀತೆಯ ರಾಗವನ್ನು ಚೆಲ್ಲೊ ಮತ್ತು ಬಾಸ್‌ಗಳು ಮೊದಲ ಸಲ ಪಿಸುಗುಡುವ 92ನೆಯ ಬಾರ್ ನೋಡಿ. ಇಲ್ಲಿ 1977ರ ಆವೃತ್ತಿಗೆ ನಮ್ಮ ಓಟು. ಬಾಸ್‌ನ ತೂಕವಿದ್ದೂ ಗೆರೆ ಒಡೆಯುವುದಿಲ್ಲ.

ಒಟ್ಟಾಗಿ ಕೇಳಲು ಒಂದೇ ಸರಣಿ ಕೊಳ್ಳುವುದಾದರೆ 1961–62ರದು. ನಡೆಯಲ್ಲಿ ಚುರುಕಿದೆ, ಧ್ವನಿಗೆ ಗಾಳಿಯಾಡುತ್ತದೆ. 1977ರ ಒಂಬತ್ತನೆಯದನ್ನು ಬಿಡಿಯಾಗಿ ಸೇರಿಸಿಕೊಳ್ಳಿ. 1984ರ ಎರೊಯಿಕಾಕ್ಕೆ ಅದರ ಸರಣಿಯ ಕೆಟ್ಟ ಹೆಸರು ಅಂಟಿದೆ, ಅದು ಅನ್ಯಾಯ. ಹೆಡ್‌ಫೋನಿನಲ್ಲಿ ಎತ್ತರದ ಸ್ವರಗಳನ್ನು 2 ಡೆಸಿಬಲ್ ತಗ್ಗಿಸಿ ಕೇಳಿದರೆ ಬೇರೆಯೇ ಕಾಣುತ್ತದೆ.

ಈ ನಾಲ್ಕರಲ್ಲಿ ವೃಂದ, ಸ್ಥಳ, ಯಂತ್ರ ಎಲ್ಲವೂ ಬದಲಾಗುವುದರಿಂದ ಹೊಸಬರಿಗೆ ತಲೆಸುತ್ತು ಬಂದರೆ ಮೊದಲು ಇನ್ನೊಬ್ಬ ನಿರ್ದೇಶಕ ಆಟೊ ಕ್ಲೆಂಪರರ್ ಅವರ ಎರೊಯಿಕಾಗಳಲ್ಲಿ ಕೈ ಪಳಗಿಸಿಕೊಳ್ಳಬಹುದು. 1955ರ ಮಾನೊ, 1959ರ ಸ್ಟೀರಿಯೊ. ಅದೇ ಫಿಲ್ಹಾರ್ಮೋನಿಯಾ, ಅದೇ ಕಿಂಗ್ಸ್‌ವೇ ಹಾಲ್, ನಡುವೆ ನಾಲ್ಕೇ ವರ್ಷ. ಮಾನೊ ಗುಂಡಿ ಒತ್ತಿ, ಮಟ್ಟ ಸಮ ಮಾಡಿ, 3ರಿಂದ 83ನೆಯ ಬಾರ್ ಅಳೆಯಿರಿ. ಅಲ್ಲಿ ಕಾಣುವ ಅಂತರ ಬಹುಪಾಲು ನಿರ್ದೇಶಕನದ್ದೇ.